ಊರ ಮೈದಾನಕ್ಕೆ ಸರ್ಕಾರದ ಅನುದಾನ: ಪಹಣಿಯಿಂದ ಹಣ ಬಳಕೆ ಪ್ರಮಾಣಪತ್ರದವರೆಗೆ

ಮೈದಾನ ಮಾಡಿಸಬೇಕೆಂದು ಹೊರಡುವ ಯುವಕ ಸಂಘಗಳು ಸಾಮಾನ್ಯವಾಗಿ ಮೊದಲು ಮಾಡುವುದು ಲೆಟರ್‌ಹೆಡ್ಡಿನಲ್ಲಿ ಮನವಿ ಬರೆದು ಶಾಸಕರ ಕೈಗೆ ಕೊಡುವುದನ್ನು. ಮನವಿಯ ಮೇಲೆ ಷರಾ ಬೀಳುತ್ತದೆ, ಕಾಗದ ಕಚೇರಿಗೆ ಹೋಗುತ್ತದೆ, ‘ಜಾಗ ಯಾರ ಹೆಸರಿನಲ್ಲಿದೆ?’ ಎಂಬ ಪ್ರಶ್ನೆ ಹೊತ್ತು ವಾಪಸ್ ಬರುತ್ತದೆ. ಅಷ್ಟರಲ್ಲಿ ಆ ವರ್ಷದ ದುಡ್ಡು ಬೇರೆ ಊರಿಗೆ ಹೋಗಿರುತ್ತದೆ. ಮನವಿ ಪತ್ರ ಕೊನೆಗೆ ಬರಬೇಕು. ಮೊದಲು ಜಾಗದ ಕಾಗದ, ಆಮೇಲೆ ಅಂದಾಜು ಪಟ್ಟಿ, ಅದಾದ ಮೇಲೆ ಮನವಿ.

ಇನ್ನೊಂದು ಮಾತನ್ನು ಸಂಘದ ಎಲ್ಲ ಸದಸ್ಯರಿಗೂ ಮೊದಲೇ ತಿಳಿಸಿಬಿಡಿ: ಮೈದಾನದ ಕಾಮಗಾರಿಗೆ ಮಂಜೂರಾದ ಹಣ ಸಾಮಾನ್ಯವಾಗಿ ಸಂಘದ ಖಾತೆಗೆ ಬರುವುದಿಲ್ಲ. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ಲೋಕೋಪಯೋಗಿ ಇಲಾಖೆ, ಕೆಆರ್‌ಐಡಿಎಲ್ (ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತ) ಅಥವಾ ನಿರ್ಮಿತಿ ಕೇಂದ್ರದಂಥ ಅನುಷ್ಠಾನ ಸಂಸ್ಥೆಗೆ ಹೋಗುತ್ತದೆ. ಸಂಘದ ಕೈಗೆ ನೇರವಾಗಿ ಬರುವುದೇನಿದ್ದರೂ ಆಟದ ಸಾಮಗ್ರಿ, ತರಬೇತಿ, ಪಂದ್ಯಾವಳಿಯ ಸಹಾಯಧನ. ಎರಡಕ್ಕೂ ಕೇಳುವ ಕಚೇರಿ ಬೇರೆ, ಕೊಡಬೇಕಾದ ಲೆಕ್ಕ ಬೇರೆ. ಒಂದೇ ಅರ್ಜಿಯಲ್ಲಿ ‘ಮೈದಾನ ಸಮತಟ್ಟು, ಗ್ಯಾಲರಿ, ಕಬಡ್ಡಿ ಮ್ಯಾಟ್, ಜರ್ಸಿ’ ಎಂದು ಎಲ್ಲವನ್ನೂ ಕೇಳಿದರೆ ಅದು ಯಾರ ಟೇಬಲ್ಲಿಗೂ ಸೇರುವುದಿಲ್ಲ.

ಯಾವ ಗಂಟು ಯಾವುದಕ್ಕೆ

ಕರ್ನಾಟಕದಲ್ಲಿ ಪ್ರತಿ ಶಾಸಕರಿಗೂ ವಿಧಾನ ಪರಿಷತ್ ಸದಸ್ಯರಿಗೂ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ. ಸಂಸದರಿಗೆ 5 ಕೋಟಿ. ಇವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ರಾಜ್ಯಸಭಾ ಸದಸ್ಯರು ತಾವು ಆಯ್ಕೆಯಾದ ರಾಜ್ಯದ ಯಾವ ಜಿಲ್ಲೆಗಾದರೂ ಶಿಫಾರಸು ಮಾಡಬಹುದು. ಸಂಘಗಳಿಗೆ ಇದು ನೆನಪಾಗುವುದೇ ಕಡಿಮೆ. ಪರಿಷತ್ ಸದಸ್ಯರ ಬಳಿಯೂ ಹಳ್ಳಿಗಳ ಮನವಿಯ ರಾಶಿ ಶಾಸಕರ ಬಳಿ ಇದ್ದಷ್ಟು ಇರುವುದಿಲ್ಲ. ಈ ನಿಧಿಗಳಲ್ಲಿ ಆಗುವುದು ಬಾಳಿಕೆ ಬರುವ, ಊರಿನವರೆಲ್ಲ ಬಳಸುವ ಆಸ್ತಿ ಮಾತ್ರ. ಕೋಚ್ ಸಂಬಳ, ಕರೆಂಟ್ ಬಿಲ್, ಪಂದ್ಯಾವಳಿಯ ಊಟದ ಖರ್ಚನ್ನು ಇಲ್ಲಿ ಕೇಳಬೇಡಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದಾರಿಯೂ ಇದೆ.

ಗ್ರಾಮ ಪಂಚಾಯಿತಿಯಿಂದ ಬರುವ ಮೊತ್ತ ಚಿಕ್ಕದು, ಆದರೆ ದಾರಿ ಹತ್ತಿರ. ಪಂಚಾಯಿತಿಯ ಅಭಿವೃದ್ಧಿ ಯೋಜನೆ ತಯಾರಾಗುವುದು ಅಕ್ಟೋಬರ್ 2ರಿಂದ ಜನವರಿ ಕೊನೆಯವರೆಗೆ. ಆ ಅವಧಿಯ ವಾರ್ಡ್ ಸಭೆಯಲ್ಲಿ ನಿಮ್ಮ ಮೈದಾನದ ಕೆಲಸ ನಡಾವಳಿಗೆ ಸೇರಬೇಕು, ಅಲ್ಲಿಂದ ಗ್ರಾಮ ಸಭೆಗೆ ಬರಬೇಕು. ಏಪ್ರಿಲ್‌ನಲ್ಲಿ ಹೋಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿದರೆ ‘ಕ್ರಿಯಾ ಯೋಜನೆಯಲ್ಲಿ ಇಲ್ಲ’ ಎನ್ನುತ್ತಾರೆ. ಅದು ನಿಜವೂ ಹೌದು. ಸಭೆಗೆ ಆಡುವ ಹುಡುಗ ಹುಡುಗಿಯರೇ ಹತ್ತಿಪ್ಪತ್ತು ಮಂದಿ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ. ಠರಾವಿನ ನಕಲನ್ನು ಮೊಹರಿನೊಂದಿಗೆ ಪಡೆದುಕೊಳ್ಳಿ. ಮುಂದೆ ಶಾಸಕರ ನಿಧಿಗೆ ಕೇಳುವಾಗಲೂ ಅದೇ ಠರಾವು ಕೆಲಸಕ್ಕೆ ಬರುತ್ತದೆ.

ಸಾಮಗ್ರಿ, ಗರಡಿ ಮನೆ, ತರಬೇತಿಯ ವಿಷಯಕ್ಕೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಬೇಕು. ಸಾಮಾನ್ಯವಾಗಿ ಅದು ಜಿಲ್ಲಾ ಕ್ರೀಡಾಂಗಣದಲ್ಲೇ ಇರುತ್ತದೆ. ಆ ವರ್ಷ ಯಾವ ಯೋಜನೆಗೆ ಎಷ್ಟು ಅನುದಾನ ಬಂದಿದೆ ಎಂಬುದನ್ನು ಮೇ, ಜೂನ್ ತಿಂಗಳಲ್ಲೇ ಹೋಗಿ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರು ಹೆಚ್ಚಾಗಿರುವ ಕಾಲೊನಿಯ ಮೈದಾನವಾದರೆ 2013ರ ಉಪಯೋಜನೆ ಕಾಯ್ದೆಯಡಿ ಇಲಾಖೆಗೆ ಪ್ರತ್ಯೇಕ ಹಂಚಿಕೆ ಇರುತ್ತದೆ. ಅದನ್ನು ಹೆಸರಿಟ್ಟು ಕೇಳಿ.

ಜಾಗ: ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸ

ಮೂರು ತಲೆಮಾರು ಆಡಿದ ಬಯಲು ಎಂದ ಮಾತ್ರಕ್ಕೆ ಅದು ದಾಖಲೆಯಲ್ಲಿ ಮೈದಾನವಾಗಿರುವುದಿಲ್ಲ. ಸರ್ವೆ ನಂಬರಿನ ಪಹಣಿ ತೆಗೆಸಿ, 9ನೇ ಮತ್ತು 11ನೇ ಕಾಲಂ ಓದಿ. ಒಂಬತ್ತರಲ್ಲಿ ಸ್ವಾಧೀನದಾರರ ಹೆಸರು, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ ಇರುತ್ತದೆ. ಅಲ್ಲಿ ಏನು ಬರೆದಿದೆ ಎಂಬುದರ ಮೇಲೆ ಮುಂದಿನ ದಾರಿ ತೀರ್ಮಾನವಾಗುತ್ತದೆ.

‘ಕೆರೆ’ ಎಂದಿದ್ದರೆ, ಕೆರೆ ಎಷ್ಟೇ ವರ್ಷದಿಂದ ಬತ್ತಿರಲಿ, ಆ ಅಂಗಳದಲ್ಲಿ ಕಾಮಗಾರಿಗೆ ಅನುಮತಿಗಾಗಿ ಕಾಯುವುದರಲ್ಲಿ ಅರ್ಥವಿಲ್ಲ. ಬೇರೆ ಜಾಗ ಹುಡುಕಿ. ‘ಅರಣ್ಯ’ ಎಂದಿದ್ದರೂ ಅಷ್ಟೇ. ದೇವಸ್ಥಾನದ ಮುಂದಿನ ಬಯಲು ಎಷ್ಟೋ ಊರುಗಳಲ್ಲಿ ಮುಜರಾಯಿ ಜಾಗ. ಸಂಸದರ ನಿಧಿಯಲ್ಲಿ ಧಾರ್ಮಿಕ ಸ್ಥಳಕ್ಕೆ ಸೇರಿದ ಜಾಗದಲ್ಲಿ ಕೆಲಸ ಮಾಡುವಂತಿಲ್ಲ. ಖಾಸಗಿಯವರ ಹೊಲದಲ್ಲಿ ‘ಆಡಿಕೊಳ್ಳಿ’ ಎಂದು ಬಾಯಿಮಾತಿನಲ್ಲಿ ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ. ದಾನಿಗಳು ನಿಜಕ್ಕೂ ಕೊಡುವುದಾದರೆ ನೋಂದಾಯಿತ ದಾನಪತ್ರವಾಗಿ ಪಂಚಾಯಿತಿಯ ಹೆಸರಿಗೆ ಬರಬೇಕು.

ಸರ್ಕಾರಿ ಶಾಲೆಯ ಮೈದಾನವಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಠರಾವು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಶಾಲೆ ಬಿಟ್ಟ ಮೇಲೆ ಊರಿನವರು ಎಷ್ಟು ಗಂಟೆಯಿಂದ ಎಷ್ಟರವರೆಗೆ ಬಳಸಬಹುದು, ಗೇಟಿನ ಬೀಗ ಯಾರ ಹತ್ತಿರ ಎಂಬುದನ್ನೂ ಅದೇ ಠರಾವಿನಲ್ಲಿ ಬರೆಸಿ. ಹಾಗೆ ಬರೆಸದ ಊರುಗಳಲ್ಲಿ ಕಾಂಪೌಂಡ್ ಕಟ್ಟಿದ ಮರುದಿನವೇ ಜಗಳ ಶುರುವಾಗುತ್ತದೆ.

ಹೆಚ್ಚಿನ ಕಡೆ ಸಿಗುವುದು ಗೋಮಾಳ, ಅಂದರೆ ಊರಿನ ದನ ಮೇಯಲು ಬಿಟ್ಟ ಸರ್ಕಾರಿ ಜಾಗ. ಗೋಮಾಳದಲ್ಲಿ ಆಟದ ಮೈದಾನಕ್ಕೆ ಜಾಗ ಕಾಯ್ದಿರಿಸುವ ಅಧಿಕಾರ ಭೂ ಕಂದಾಯ ಕಾಯ್ದೆಯ 71ನೇ ಕಲಮಿನಡಿ ಬರುತ್ತದೆ. ಅರ್ಜಿ ತಹಶೀಲ್ದಾರರಿಗೆ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಸ್ಥಳ ಪರಿಶೀಲನೆ, ಭೂಮಾಪಕರ ನಕ್ಷೆ, ಉಪವಿಭಾಗಾಧಿಕಾರಿಯ ಶಿಫಾರಸು, ಕೊನೆಗೆ ಜಿಲ್ಲಾಧಿಕಾರಿಯ ಆದೇಶ. ಈ ಕಡತ ನಿಲ್ಲುವುದು ಬಹಳ ಸಲ ದನಗಳ ಲೆಕ್ಕದಲ್ಲಿ. ಭೂ ಕಂದಾಯ ನಿಯಮ 97ರಂತೆ ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ‘ಗೋಮಾಳ ಕೊರತೆ’ ಎಂಬ ಷರಾದೊಂದಿಗೆ ಕಡತ ಮೂಲೆ ಸೇರುತ್ತದೆ. ಆದ್ದರಿಂದ ಪಶು ಆಸ್ಪತ್ರೆಯಿಂದ ಜಾನುವಾರು ಗಣತಿಯ ಅಂಕಿಯನ್ನು ನೀವೇ ಮೊದಲು ಪಡೆದು ಲೆಕ್ಕ ಹಾಕಿ. ಕೊರತೆ ಇದ್ದರೆ ಗೋಮಾಳ ಬಿಟ್ಟು ಗ್ರಾಮ ಠಾಣಾ (ಊರಿನ ವಸತಿ ಪ್ರದೇಶದ) ಜಾಗ ಅಥವಾ ಶಾಲೆಯ ಜಾಗದ ಕಡೆ ನೋಡುವುದೇ ಬೇಗ.

ಆದೇಶ ಬಂದ ಮೇಲೆ ಪಹಣಿಯಲ್ಲಿ ‘ಆಟದ ಮೈದಾನ’ ಎಂದು ದಾಖಲಾಗುವವರೆಗೂ ಬೆನ್ನು ಬಿಡಬೇಡಿ. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ, ಅಳತೆಯಾದ ದಿನವೇ ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ. ಪಕ್ಕದ ಹೊಲದವರನ್ನು ಅಳತೆಗೆ ಕರೆದು ಸಹಿ ಮಾಡಿಸಿಕೊಂಡರೆ ಮುಂದಿನ ತಕರಾರು ಅರ್ಧ ಕಡಿಮೆಯಾಗುತ್ತದೆ.

ಎಷ್ಟು ಜಾಗ ಬೇಕು? ವಾಲಿಬಾಲ್ ಅಂಕಣ 18×9 ಮೀಟರ್. ಸುತ್ತ ಕನಿಷ್ಠ 3 ಮೀಟರ್ ಬಿಟ್ಟರೆ 24×15, ಅಂದರೆ ಮೂರೂವರೆ ಗುಂಟೆ. ಪುರುಷರ ಕಬಡ್ಡಿ ಅಂಕಣ 13×10, ಮಹಿಳೆಯರದು 12×8. ಸುತ್ತ ಬಿಡುವ ಜಾಗ ಸೇರಿ ಮೂರು ಗುಂಟೆ. ಖೋ ಖೋ 27×16, ಅಂಚು ಸೇರಿ ಐದೂವರೆ. ಹೀಗೆ ಅರ್ಧ ಎಕರೆಯಲ್ಲಿ ಮೂರೂ ಅಂಕಣ, ಶೌಚಾಲಯ, ನೀರಿನ ತೊಟ್ಟಿ ಹಿಡಿಯುತ್ತವೆ. 400 ಮೀಟರ್ ಓಟದ ಟ್ರ್ಯಾಕಿಗಾದರೆ ನಾಲ್ಕು ಎಕರೆಗಿಂತ ಹೆಚ್ಚು ಬೇಕು. ಎರಡು ಎಕರೆ ಇಟ್ಟುಕೊಂಡು ‘ಸುಸಜ್ಜಿತ ಕ್ರೀಡಾಂಗಣ’ ಕೇಳುವ ಅರ್ಜಿ ಇಂಜಿನಿಯರ್ ಕೈಯಲ್ಲೇ ಬಿದ್ದುಹೋಗುತ್ತದೆ.

ಸಂಘದ ಕಾಗದ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ತೊಂದರೆ ನೋಂದಣಿಯಲ್ಲಲ್ಲ, ಆಮೇಲಿನ ವರ್ಷಗಳಲ್ಲಿ. ಪ್ರತಿ ವರ್ಷ ವಾರ್ಷಿಕ ಮಹಾಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪರಿಶೋಧನೆಯಾದ ಲೆಕ್ಕಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಭೆಯಾದ 14 ದಿನದೊಳಗೆ ಪಟ್ಟಿ ಹೋಗಬೇಕು. ಅನುದಾನದ ಅರ್ಜಿಗೆ ಮೂರು ವರ್ಷದ ಆಡಿಟ್ ವರದಿ ಕೇಳುವುದು ಸಾಮಾನ್ಯ. ಖಾತೆಯಲ್ಲಿ ಐದೇ ಸಾವಿರ ಇದ್ದರೂ ಆಡಿಟ್ ಮಾಡಿಸಿ. ಬೈಲಾದ ಉದ್ದೇಶಗಳಲ್ಲಿ ‘ಕ್ರೀಡೆ’ ಎಂಬ ಪದ ಇದೆಯೇ ನೋಡಿ. ಗಣೇಶೋತ್ಸವಕ್ಕೆಂದು ಶುರುವಾದ ಎಷ್ಟೋ ಗೆಳೆಯರ ಬಳಗಗಳ ಬೈಲಾದಲ್ಲಿ ಅದು ಇರುವುದಿಲ್ಲ, ತಿದ್ದುಪಡಿ ಮಾಡಿಸಬೇಕಾಗುತ್ತದೆ. ಪ್ಯಾನ್ ಸಂಘದ ಹೆಸರಿನಲ್ಲಿರಲಿ, ಬ್ಯಾಂಕ್ ಖಾತೆಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಪೈಕಿ ಇಬ್ಬರ ಸಹಿ ಇರಲಿ. ನೋಂದಣಿ ಪತ್ರ, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಸಂಘದ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ‘ಯುವಕ ಸಂಘ’, ‘ಯುವಕರ ಸಂಘ’ ಎಂಬಷ್ಟು ವ್ಯತ್ಯಾಸಕ್ಕೇ ಹಣ ಖಜಾನೆಯಿಂದ ವಾಪಸ್ ಹೋಗುತ್ತದೆ. ಕೇಂದ್ರ ಸರ್ಕಾರದ ಸಹಾಯಧನಕ್ಕೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದ ಗುರುತಿನ ಸಂಖ್ಯೆಯೂ ಬೇಕು.

ಅಂದಾಜು ಪಟ್ಟಿಯಲ್ಲಿ ಏನಿರಬೇಕು

ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದ ಕಿರಿಯ ಇಂಜಿನಿಯರರನ್ನು ಜಾಗಕ್ಕೆ ಕರೆತಂದು ಅಂದಾಜು ಮಾಡಿಸಿ. ಇಲಾಖೆಯ ದರಪಟ್ಟಿಯಂತೆ ಅವರು ಬೆಲೆ ಹಾಕುತ್ತಾರೆ. ಆದರೆ ಏನೇನು ಬೇಕು ಎಂದು ಹೇಳಬೇಕಾದವರು ಆಡುವವರು. ನೀವು ಬಾಯಿ ಬಿಡದಿದ್ದರೆ ಕಾಂಕ್ರೀಟ್ ನೆಲವೂ ವೇದಿಕೆಯೂ ಬರುತ್ತವೆ, ಏಕೆಂದರೆ ಅವುಗಳ ದರ ಸಿದ್ಧವಾಗಿದೆ, ಅಳತೆಯೂ ಸುಲಭ. ಕಬಡ್ಡಿ, ಖೋ ಖೋ, ವಾಲಿಬಾಲ್‌ಗೆ ಕಾಂಕ್ರೀಟ್ ಬೇಡವೇ ಬೇಡ. ಮೊಣಕಾಲು, ಹಿಮ್ಮಡಿ ಹೋಗುತ್ತವೆ, ಹುಡುಗಿಯರನ್ನು ಮನೆಯವರು ಆಡಲು ಕಳಿಸುವುದು ನಿಲ್ಲಿಸುತ್ತಾರೆ. ಕಲ್ಲು ತೆಗೆದು ಜರಡಿ ಹಿಡಿದ ಕೆಂಪು ಮಣ್ಣಿನ ನೆಲ, ನೀರು ಹಾಕಿ ರೋಲರ್ ಹೊಡೆದದ್ದು, ಇಷ್ಟು ಸಾಕು.

ಕೆಲಸದ ಕ್ರಮವೂ ಮುಖ್ಯ: ಮೊದಲು ಸಮತಟ್ಟು, ಚರಂಡಿ, ಬೇಲಿ. ಎರಡನೆಯದು ಅಂಕಣ, ಕಂಬ, ಶೌಚಾಲಯ, ನೀರು. ಗ್ಯಾಲರಿ ಎಲ್ಲಕ್ಕಿಂತ ಕೊನೆಗೆ. ಚರಂಡಿ ಬಿಟ್ಟು ಗ್ಯಾಲರಿ ಕಟ್ಟಿದ ಮೈದಾನಗಳು ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಸರಿನ ಗುಂಡಿಯಾಗಿರುತ್ತವೆ. ಹೊರಾಂಗಣ ವಾಲಿಬಾಲ್ ಅಂಕಣಕ್ಕೆ ಮೀಟರಿಗೆ 5 ಮಿಲಿಮೀಟರ್ ಇಳಿಜಾರು ಕೊಡಲು ನಿಯಮದಲ್ಲೇ ಅವಕಾಶವಿದೆ. ಅದನ್ನು ನಕ್ಷೆಯಲ್ಲಿ ಬರೆಸಿ. ಅಂಕಣದ ಉದ್ದ ಉತ್ತರ ದಕ್ಷಿಣವಾಗಿರಲಿ, ಇಲ್ಲದಿದ್ದರೆ ಸಂಜೆ ಆಡುವವರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ.

ಮಣ್ಣಿನ ಲೆಕ್ಕವನ್ನು ನೀವೂ ಹಾಕಿಕೊಳ್ಳಿ. 24×15 ಮೀಟರ್ ಜಾಗವನ್ನು 15 ಸೆಂಟಿಮೀಟರ್ ಎತ್ತರಿಸಲು 54 ಘನ ಮೀಟರ್ ಮಣ್ಣು ಬೇಕು. ರೋಲರ್ ಹೊಡೆದಾಗ ಕುಗ್ಗುವುದನ್ನು ಸೇರಿಸಿ ಕಾಲು ಭಾಗ ಹೆಚ್ಚು ಹಿಡಿದರೆ 67 ಘನ ಮೀಟರ್. 100 ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಸುಮಾರು 24 ಲೋಡ್. ಕೆಲಸದ ದಿನ ಒಬ್ಬರು ನಿಂತು ಲೋಡ್ ಎಣಿಸಿದರೆ ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದದ್ದನ್ನು ತಾಳೆ ನೋಡಬಹುದು. ವಾಲಿಬಾಲ್ ಕಂಬಗಳು ಪಕ್ಕದ ಗೆರೆಯಿಂದ ಅರ್ಧದಿಂದ ಒಂದು ಮೀಟರ್ ಹೊರಗೆ ಬರಬೇಕು. ಗೆರೆಯ ಮೇಲೆಯೇ ನೆಟ್ಟರೆ ಕಿತ್ತು ಹಾಕಬೇಕಾಗುತ್ತದೆ.

ದೀಪದ ಕಂಬ ಕೇಳುವ ಮೊದಲು ಮೀಟರ್ ಯಾರ ಹೆಸರಿನಲ್ಲಿ, ತಿಂಗಳ ಬಿಲ್ ಯಾರು ಕಟ್ಟುತ್ತಾರೆ ಎಂಬುದಕ್ಕೆ ಪಂಚಾಯಿತಿಯ ಠರಾವು ಮಾಡಿಸಿ.

ಕಡತದ ಬೆನ್ನ ಹಿಂದೆ

ಈಗ ಮನವಿ ಬರೆಯಿರಿ. ಒಂದು ಪುಟ ಸಾಕು: ಕಾಮಗಾರಿಯ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಅಂದಾಜು ಮೊತ್ತ, ದಿನಾ ಎಷ್ಟು ಜನ ಆಡುತ್ತಾರೆ, ಅದರಲ್ಲಿ ಹುಡುಗಿಯರೆಷ್ಟು. ಜೊತೆಗೆ ಪಹಣಿ, ಕಾಯ್ದಿರಿಸಿದ ಆದೇಶ, ನಕ್ಷೆ, ಠರಾವು, ಅಂದಾಜು ಪಟ್ಟಿ, ಜಿಪಿಎಸ್ ಗುರುತಿರುವ ಫೋಟೋ. ಶಿಫಾರಸು ಪತ್ರ ಜಿಲ್ಲಾಧಿಕಾರಿಯವರ ಹೆಸರಿಗೆ ಇರಬೇಕು, ಕಾಮಗಾರಿಯ ಹೆಸರು ಅಂದಾಜು ಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ಪ್ರತಿ ಕಚೇರಿಯಲ್ಲೂ ಸ್ವೀಕೃತಿ ಮೊಹರು ಹಾಕಿಸಿಕೊಂಡು ಕಡತ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಡಳಿತಾತ್ಮಕ ಅನುಮೋದನೆ (ಕೆಲಸಕ್ಕೂ ಮೊತ್ತಕ್ಕೂ ಒಪ್ಪಿಗೆ) ಒಂದು, ತಾಂತ್ರಿಕ ಮಂಜೂರಾತಿ (ಅಂದಾಜು ಪಟ್ಟಿಗೆ ಇಂಜಿನಿಯರರ ಒಪ್ಪಿಗೆ) ಇನ್ನೊಂದು. ಮೊದಲನೆಯದು ಬಂತೆಂದು ಹೂಮಾಲೆ ಹಾಕಿಸಬೇಡಿ, ಎರಡೂ ಆಗಿ, ಕೆಲಸ ಶುರು ಮಾಡಲು ಹೇಳುವ ಕಾರ್ಯಾದೇಶ ಬರಬೇಕು. ಚುನಾವಣೆ ಘೋಷಣೆಯಾದರೆ ನೀತಿ ಸಂಹಿತೆಯಿಂದ ಹೊಸ ಕೆಲಸ ನಿಲ್ಲುತ್ತದೆ, ಆಗಲೇ ಸ್ಥಳದಲ್ಲಿ ಶುರುವಾದದ್ದು ಮುಂದುವರಿಯಬಹುದು. ಹಾಗಾಗಿ ಕಾರ್ಯಾದೇಶ ಸಿಕ್ಕ ವಾರದಲ್ಲೇ ಕೆಲಸ ಶುರು ಮಾಡಿಸಿ.

ಸಂಘದ ಕೈಗೆ ಹಣ ಬಂದಾಗ

ಅನುದಾನಕ್ಕೆ ಪ್ರತ್ಯೇಕ ಖಾತೆ ತೆರೆಯಿರಿ. ಮೂರು ಅಂಗಡಿಯ ದರಪಟ್ಟಿ ಪಡೆದು, ಸಭೆಯಲ್ಲಿ ತೀರ್ಮಾನಿಸಿ, ಜಿಎಸ್‌ಟಿ ಬಿಲ್ಲಿನ ಮೇಲೆ ಖರೀದಿಸಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಡಬೇಡಿ. ಪ್ರತಿ ಬಿಲ್ಲಿನ ಹಿಂದೆ ‘ದಾಸ್ತಾನು ವಹಿಯ ಇಂಥ ಪುಟ, ಇಂಥ ಕ್ರಮ ಸಂಖ್ಯೆಯಲ್ಲಿ ದಾಖಲಿಸಲಾಗಿದೆ’ ಎಂದು ಬರೆದು ಕಾರ್ಯದರ್ಶಿ ಸಹಿ ಹಾಕಬೇಕು. ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬರುವುದು ಹೆಚ್ಚಾಗಿ ಈ ಒಂದು ಸಾಲು ಇಲ್ಲದ್ದಕ್ಕೆ. ಮ್ಯಾಟಿಗೆ ಬಂದ ಹಣದಲ್ಲಿ ಜರ್ಸಿ ಹೊಲಿಸಿದರೆ, ಎಷ್ಟೇ ಪ್ರಾಮಾಣಿಕವಾಗಿ ಖರ್ಚು ಮಾಡಿದ್ದರೂ ಅದು ದುರ್ಬಳಕೆ ಎಂದೇ ದಾಖಲಾಗುತ್ತದೆ. ಬದಲಾವಣೆ ಬೇಕಿದ್ದರೆ ಖರ್ಚಿಗೆ ಮೊದಲೇ ಲಿಖಿತ ಅನುಮತಿ ಪಡೆಯಿರಿ.

ಹಣ ಬಳಕೆ ಪ್ರಮಾಣಪತ್ರ, ಕಚೇರಿಯವರ ಮಾತಿನಲ್ಲಿ ಯು.ಸಿ., ಕೊಡದ ಸಂಘಕ್ಕೆ ಎರಡನೇ ಕಂತು ಬರುವುದಿಲ್ಲ. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆ ಬಳಸಬೇಕು, ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಸಲ್ಲಿಸಬೇಕು. ಖಾತೆಯಲ್ಲಿ ಬಿದ್ದ ಬಡ್ಡಿಯೂ ಸರ್ಕಾರದ್ದೇ. ಅದನ್ನು ಲೆಕ್ಕದಲ್ಲಿ ತೋರಿಸಿ ಹಿಂದಿರುಗಿಸಬೇಕು. ಅನುದಾನದಿಂದ ಕೊಂಡ ಮಲ್ಟಿ ಜಿಮ್, ಮ್ಯಾಟುಗಳನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ. ಹಳತಾದರೂ ಆಸ್ತಿ ವಹಿಯಲ್ಲಿ ಇರಬೇಕು, ಮ್ಯಾಟಿನ ಹಿಂಬದಿಯಲ್ಲಿ ಯೋಜನೆಯ ಹೆಸರು ಮತ್ತು ವರ್ಷವನ್ನು ಬಣ್ಣದಲ್ಲಿ ಬರೆಸಿಡಿ. ಸಂಘದ ಪದಾಧಿಕಾರಿಗಳು ಬದಲಾಗುವ ದಿನ ಈ ವಹಿಯನ್ನು ಸಾಮಗ್ರಿಯೊಂದಿಗೆ ತಾಳೆ ಹಾಕಿ, ಬಿಟ್ಟವರೂ ವಹಿಸಿಕೊಂಡವರೂ ಇಬ್ಬರೂ ಅದರಲ್ಲೇ ಸಹಿ ಹಾಕಬೇಕು.