ಐದು ಮನೆಗಳ ಲೆಕ್ಕ: ಆದಾಯದ ಅಂತರ ಅಳೆಯುವ ಬಗೆ, ತೆರಿಗೆಯಿಂದ ತಗ್ಗಿಸುವ ಬಗೆ

ಆದಾಯದ ಅಸಮಾನತೆ ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಗಿನಿ ಸೂಚ್ಯಂಕ. ಇಟಲಿಯ ಕೊರಾಡೊ ಗಿನಿ 1912ರಲ್ಲಿ ಕೊಟ್ಟ ಅಳತೆ ಇದು. ಎಲ್ಲರ ಆದಾಯ ಒಂದೇ ಆಗಿದ್ದರೆ ಸೊನ್ನೆ, ಊರಿನ ದುಡ್ಡೆಲ್ಲ ಒಬ್ಬರ ಕೈಗೇ ಸೇರಿದರೆ 1ರ ಸಮೀಪ. ಕಾಗದ, ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು, ನೀವೇ ಹಾಕಿ ನೋಡಬಹುದು.

ಲೆಕ್ಕಕ್ಕೆ ಕೂರುವ ಮೊದಲು ಅಂಕಿಗಳನ್ನು ಹೋಲಿಸಲು ಬರುವಂತೆ ಮಾಡಿಕೊಳ್ಳಿ. ತಿಂಗಳಿಗೆ 40,000 ಬರುವ ನಾಲ್ಕು ಜನರ ಮನೆಯನ್ನೂ ಅಷ್ಟೇ ಬರುವ ಒಂಟಿ ನೌಕರನನ್ನೂ ಒಂದೇ ಸಾಲಿಗೆ ಹಾಕಬಾರದು. ಮನೆಯ ಒಟ್ಟು ಆದಾಯವನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವುದು ಸುಲಭದ ದಾರಿ: 40,000 ಭಾಗಿಸು 2, ಅಂದರೆ 20,000. ನಾಲ್ಕರಿಂದಲೇ ಭಾಗಿಸುವುದಿಲ್ಲ ಏಕೆಂದರೆ ಬಾಡಿಗೆ, ಗ್ಯಾಸ್, ಫ್ರಿಜ್ ಎಲ್ಲ ಹಂಚಿಕೆಯಾಗುತ್ತವೆ.

ಈಗ ಸರಿಹೊಂದಿಸಿದ ಐದು ಮನೆಗಳು, ಸಾವಿರ ರೂಪಾಯಿಗಳಲ್ಲಿ: 10, 15, 20, 30, 75. ಒಟ್ಟು 150. ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು 1ರಿಂದ 5ರವರೆಗೆ ಕ್ರಮಸಂಖ್ಯೆ ಕೊಡಿ. ಪ್ರತಿ ಆದಾಯವನ್ನೂ ಅದರ ಕ್ರಮಸಂಖ್ಯೆಯಿಂದ ಗುಣಿಸಿ ಕೂಡಿ: 10 + 30 + 60 + 120 + 375 = 595. ಇದನ್ನು ಇಮ್ಮಡಿ ಮಾಡಿದರೆ 1190. ಮನೆಗಳ ಸಂಖ್ಯೆಯನ್ನು ಒಟ್ಟು ಆದಾಯದಿಂದ ಗುಣಿಸಿ ಬಂದ 750ರಿಂದ ಭಾಗಿಸಿದರೆ 1.587. ಇದರಿಂದ 6/5, ಅಂದರೆ 1.2 ಕಳೆಯಿರಿ. ಉಳಿದ 0.387 ಈ ಐದು ಮನೆಗಳ ಗಿನಿ. ನೂರು ಮನೆಗಳಿದ್ದರೂ ಕ್ರಮ ಇದೇ, ಕೊನೆಗೆ ಕಳೆಯುವುದು ಮಾತ್ರ 101/100 ಆಗುತ್ತದೆ.

ಇಲ್ಲಿ ಅತಿ ಹೆಚ್ಚು ಜನ ಎಡವುವುದು ಆದಾಯಕ್ಕೂ ಖರ್ಚಿಗೂ ವ್ಯತ್ಯಾಸ ಮಾಡದೆ. ಭಾರತದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಗಿನಿ ಗ್ರಾಮೀಣದಲ್ಲಿ 0.237, ನಗರದಲ್ಲಿ 0.284. ನೋಡಿದರೆ ನಾವು ಬಹಳ ಸಮಾನರು ಅನಿಸುತ್ತದೆ. ಆದರೆ ಅದು ಖರ್ಚಿನ ಅಳತೆ. ಬಡವರು ಗಳಿಸಿದ್ದನ್ನೆಲ್ಲ ಖರ್ಚು ಮಾಡುತ್ತಾರೆ, ಸಿರಿವಂತರು ಬಹುಪಾಲು ಉಳಿಸುತ್ತಾರೆ, ಆ ಉಳಿತಾಯ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಜೊತೆಗೆ ತೀರಾ ಶ್ರೀಮಂತರ ಮನೆ ಬಾಗಿಲಿಗೆ ಸಮೀಕ್ಷೆ ಮುಟ್ಟುವುದೂ ಕಷ್ಟ. ತೆರಿಗೆ ದಾಖಲೆಗಳನ್ನೂ ಸೇರಿಸಿ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು 2022-23ರಲ್ಲಿ ಮೇಲಿನ ಶೇ 1ರಷ್ಟು ಜನರಿಗೆ ದೇಶದ ಆದಾಯದ ಶೇ 22.6 ಹೋಗುತ್ತದೆ ಎಂದು ಅಂದಾಜಿಸಿದ್ದಾರೆ. ಒಂದು ದೇಶದ ಖರ್ಚಿನ ಗಿನಿಯನ್ನು ಇನ್ನೊಂದರ ಆದಾಯದ ಗಿನಿಯೊಂದಿಗೆ ಹೋಲಿಸಿ ಶ್ರೇಯಾಂಕ ಕೊಡುವವರನ್ನು ನಂಬಬೇಡಿ.

ಈಗ ತೆರಿಗೆ ಹಾಕೋಣ. ಎಲ್ಲರಿಗೂ ಶೇ 9 ಹಾಕಿದರೆ 13.5 ಸಾವಿರ ಬರುತ್ತದೆ, ಗಿನಿ 0.387ರಿಂದ ಕದಲುವುದಿಲ್ಲ. ಪ್ರತಿಯೊಬ್ಬರ ಪಾಲೂ ಮೊದಲಿನಷ್ಟೇ ಉಳಿಯುತ್ತದಲ್ಲ! ಬದಲಿಗೆ 20 ಸಾವಿರದವರೆಗೆ ಸೊನ್ನೆ, 20ರಿಂದ 40ರವರೆಗಿನ ಭಾಗಕ್ಕೆ ಶೇ 10, 40ರ ಮೇಲಿನ ಭಾಗಕ್ಕೆ ಶೇ 30 ಹಾಕಿ. ನಾಲ್ಕನೇ ಮನೆ 1, ಐದನೆಯದು 12.5 ಕಟ್ಟುತ್ತದೆ. ಮೊತ್ತ ಅದೇ 13.5, ಆದರೆ ಗಿನಿ 0.349ಕ್ಕೆ ಇಳಿಯುತ್ತದೆ. ದರ ಬೀಳುವುದು ಆಯಾ ಸ್ಲ್ಯಾಬಿನ ಭಾಗಕ್ಕೆ ಮಾತ್ರ, ಇಡೀ ಆದಾಯಕ್ಕಲ್ಲ. 75ಕ್ಕೆಲ್ಲ ಶೇ 30 ಹಾಕಿ ಕೂರಬೇಡಿ.

ಅರ್ಧ ಕೆಲಸ ಆಯಿತು. ಸಂಗ್ರಹಿಸಿದ 13.5ನ್ನು ಐದೂ ಮನೆಗೆ ಸಮನಾಗಿ 2.7ರಂತೆ ಹಂಚಿದರೆ ಗಿನಿ 0.317. ಕೆಳಗಿನ ಎರಡು ಮನೆಗಳಿಗೇ 6.75ರಂತೆ ಕೊಟ್ಟರೆ 0.268. ಅಂದರೆ ಇಲ್ಲಿ ತೆರಿಗೆ ಕಿತ್ತುಕೊಂಡಿದ್ದಕ್ಕಿಂತ ಹಂಚಿದ್ದೇ ಎರಡು ಪಟ್ಟು ಕೆಲಸ ಮಾಡಿದೆ. ಶೇ 9ರ ಸಮಾನ ದರದ ತೆರಿಗೆಯನ್ನೇ ಸಮನಾಗಿ ಹಂಚಿದರೂ 0.352 ಆಗುತ್ತದೆ, ಏರುದರದ ತೆರಿಗೆಯೊಂದೇ ಮಾಡಿದ ಕೆಲಸಕ್ಕೆ ಹೆಚ್ಚುಕಮ್ಮಿ ಸಮ. ತೆರಿಗೆಯ ದರ ಎಷ್ಟು ಕಡಿದಾಗಿದೆ ಎಂದಷ್ಟೇ ವಾದಿಸುವವರು ಈ ಸಾಲನ್ನು ಎರಡು ಸಲ ಓದಬೇಕು: ಎಷ್ಟು ಸಂಗ್ರಹವಾಯಿತು, ಯಾರಿಗೆ ಹೋಯಿತು ಎನ್ನುವುದು ದರದಷ್ಟೇ ಮುಖ್ಯ.

ಒಂದು ಎಚ್ಚರಿಕೆ. ಮೇಲಿನ ಕೊನೆಯ ಹಂಚಿಕೆಯಲ್ಲಿ ಎರಡನೇ ಮನೆ 21.75ಕ್ಕೆ ಏರಿ, ಏನೂ ಸಿಗದ 20ರ ಮನೆಯನ್ನು ದಾಟಿತು. ಮತ್ತೆ ಏರಿಕೆ ಕ್ರಮದಲ್ಲಿ ಬರೆಯದಿದ್ದರೆ ಉತ್ತರ 0.263 ಎಂದು ತಪ್ಪಾಗಿ ಬರುತ್ತದೆ. ಅದಕ್ಕಿಂತ ದೊಡ್ಡದು ನ್ಯಾಯದ ತಪ್ಪು: ಹತ್ತಿರದಲ್ಲೇ ಇದ್ದವರನ್ನು ಗೆರೆಯ ಆಚೆ ನಿಲ್ಲಿಸಿ ಹಿಂದೆ ಬೀಳಿಸಿದ್ದು. ಆದಾಯ ಏರಿದಂತೆ ನೆರವು ನಿಧಾನವಾಗಿ ಕರಗುವಂತೆ ಮಾಡಿದರೆ ಇದು ತಪ್ಪುತ್ತದೆ.

ನಿಜದ ಲೆಕ್ಕದಲ್ಲಿ ಏರುದರ ಎಲ್ಲಿ ಸೋರುತ್ತದೆ ಎಂದೂ ನೋಡಿ. 2025-26ರ ಹೊಸ ಪದ್ಧತಿಯಲ್ಲಿ ಸಂಬಳದಲ್ಲಿ 24 ಲಕ್ಷ ದಾಟಿದ ಭಾಗಕ್ಕೆ ಶೇ 30. ಲಿಸ್ಟ್ ಆದ ಷೇರುಗಳನ್ನು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದ ಲಾಭಕ್ಕೆ 1.25 ಲಕ್ಷದ ಮೇಲೆ ಶೇ 12.5 ಮಾತ್ರ. ಮೇಲಿನವರ ಆದಾಯದಲ್ಲಿ ಇಂಥ ಲಾಭದ ಪಾಲು ಹೆಚ್ಚಿದಂತೆ ಅವರು ನಿಜವಾಗಿ ಕಟ್ಟುವ ದರ ಇಳಿಯುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಸತ್ತವರ ಆಸ್ತಿಯ ಮೇಲೆ ಹಾಕುತ್ತಿದ್ದ ಎಸ್ಟೇಟ್ ಸುಂಕ 1985ರಲ್ಲಿ ಹೋಯಿತು, ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲಿ. ದರವನ್ನೇ ಆಕಾಶಕ್ಕೇರಿಸುವುದೂ ಉಪಾಯವಲ್ಲ. 1973-74ರಲ್ಲಿ ಸರ್‌ಚಾರ್ಜ್ ಸೇರಿ ಗರಿಷ್ಠ ದರ ಶೇ 97.75 ಇತ್ತು, ಅಂಥ ದರವೇ ತೆರಿಗೆಗಳ್ಳತನಕ್ಕೆ ದಾರಿ ಎಂದು ನೇರ ತೆರಿಗೆಗಳ ಬಗ್ಗೆ ಸರ್ಕಾರ ನೇಮಿಸಿದ್ದ ವಾಂಚೂ ಸಮಿತಿ ಹೇಳಿದ ಮೇಲೆ ಅದನ್ನು ಇಳಿಸಲಾಯಿತು.

ಕರ್ನಾಟಕದ ವೃತ್ತಿ ತೆರಿಗೆ ಇಳಿದರಕ್ಕೆ, ಅಂದರೆ ಆದಾಯ ಏರಿದಂತೆ ಹೊರೆಯ ಪಾಲು ಇಳಿಯುವ ತೆರಿಗೆಗೆ, ಒಳ್ಳೆಯ ಉದಾಹರಣೆ. ತಿಂಗಳಿಗೆ 25,000 ಸಂಬಳದವರಿಗೂ 2.5 ಲಕ್ಷದವರಿಗೂ ಒಂದೇ 200 ರೂಪಾಯಿ (ಫೆಬ್ರವರಿಯಲ್ಲಿ ಮಾತ್ರ 300). ಮೊದಲಿನವರಿಗೆ ಅದು ಶೇ 0.8, ಎರಡನೆಯವರಿಗೆ ಶೇ 0.08. ಸಂವಿಧಾನವೇ ವರ್ಷಕ್ಕೆ 2,500ರ ಮಿತಿ ಹಾಕಿರುವುದರಿಂದ ರಾಜ್ಯ ಇದನ್ನು ಮೇಲಕ್ಕೆ ಏರಿಸುವಂತಿಲ್ಲ. ಗೃಹಲಕ್ಷ್ಮಿಯ 2,000 ಇದರ ತಿರುಗುಮುರುಗು: ಮೊತ್ತ ಒಂದೇ ಆದರೂ 10,000 ಆದಾಯದ ಮನೆಗೆ ಅದು ಶೇ 20, 50,000ದ ಮನೆಗೆ ಶೇ 4.

ಆದ್ದರಿಂದ ಒಂದೇ ಗಿನಿ ಹಾಕಿ ನಿಲ್ಲಿಸಬೇಡಿ, ನಾಲ್ಕು ಹಾಕಿ: ತೆರಿಗೆಗೆ ಮುನ್ನ, ಆದಾಯ ತೆರಿಗೆ ಕಳೆದ ಮೇಲೆ, ನಗದು ನೆರವು ಕೂಡಿದ ಮೇಲೆ, ಜಿಎಸ್‌ಟಿಯಂಥ ಪರೋಕ್ಷ ತೆರಿಗೆ ಕಳೆದ ಮೇಲೆ. ಪ್ರತಿ ಸಲವೂ ಹೊಸದಾಗಿ ಏರಿಕೆ ಕ್ರಮದಲ್ಲಿ ಬರೆಯಿರಿ. ಕೊನೆಯ ಹಂತದಲ್ಲಿ ಗಿನಿ ಮತ್ತೆ ಏರಿದರೆ, ಮೂರನೇ ಹಂತದಲ್ಲಿ ಬಡ ಮನೆಗೆ ಕೊಟ್ಟದ್ದರಲ್ಲಿ ಒಂದಿಷ್ಟನ್ನು ಅಂಗಡಿಯ ಬಿಲ್ಲಿನಲ್ಲಿ ವಾಪಸ್ ತೆಗೆದುಕೊಳ್ಳಲಾಗಿದೆ ಎಂದರ್ಥ. ಯಾವ ಸರಕಿನ ದರ ಮೊದಲು ಇಳಿಸಬೇಕು ಎಂಬ ಹುಡುಕಾಟ ಅಲ್ಲಿಂದ ಶುರು.