ಥೀಸಿಸ್ ಪೇಪರ್ ಆಗಬೇಕಾದರೆ ಚಿತ್ರದಿಂದ ಶುರು ಮಾಡಿ

ಪ್ರತಿ ವರ್ಷ ರೇಡಿಯಾಲಜಿ ಎಂಡಿ ಪರೀಕ್ಷೆ ಮುಗಿದ ವಾರ ಯಾರಾದರೂ ಒಬ್ಬ ವಿದ್ಯಾರ್ಥಿ ನಮ್ಮ ರಿಪೋರ್ಟಿಂಗ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಮೇಡಂ, ಥೀಸಿಸ್ ಇದೆಯಲ್ಲ, ಅದನ್ನ ಜರ್ನಲ್‌ಗೆ ಪೇಪರ್ ಮಾಡಬಹುದಾ?"

ಮಾಡಬಹುದು. ಮಾಡಲೇಬೇಕು ಅಂತಲೇ ನಾನು ಹೇಳುತ್ತೇನೆ. ನಿಮ್ಮ ಅಧ್ಯಯನಕ್ಕೆ ಒಪ್ಪಿದವರು ಹಳ್ಳಿಯಿಂದ ಬಸ್ ಹತ್ತಿ ಬಂದಿದ್ದಾರೆ, ಗಂಟೆಗಟ್ಟಲೆ ಸಾಲಲ್ಲಿ ಕೂತಿದ್ದಾರೆ, ಕುತ್ತಿಗೆಗೆ ಸೂಜಿ ಚುಚ್ಚಿಸಿಕೊಂಡಿದ್ದಾರೆ. ಅದೆಲ್ಲ ಲೈಬ್ರರಿಯ ಕಪಾಟು ಸೇರಿ ಸುಮ್ನೆ ಕೂತರೆ ಅವರಿಗೆ ಕೊಟ್ಟ ಮಾತು ಅರ್ಧಕ್ಕೇ ನಿಂತ ಹಾಗೆ.

ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂದರೆ ಥೀಸಿಸ್‌ನ ವರ್ಡ್ ಫೈಲ್ ತೆರೆದು ಪೀಠಿಕೆಯಿಂದ ಕತ್ತರಿಸುತ್ತಾ ಹೋಗುವುದು. ಹಾಗೆ ಮಾಡಬೇಡಿ. ನಮ್ಮದು ಚಿತ್ರದ ವಿದ್ಯೆ. ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ರಿವ್ಯೂವರ್ ಕೂಡ ರೇಡಿಯಾಲಜಿಸ್ಟೇ. ಸಾರಾಂಶ ಓದಿದ ಕೂಡಲೇ ಅವರ ಕಣ್ಣು ಹೋಗುವುದು ಚಿತ್ರಗಳ ಕಡೆಗೆ. ಮೊದಲು ಚಿತ್ರ ಆರಿಸಿ, ಅದರ ಸುತ್ತ ಪೇಪರ್ ಕಟ್ಟಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಥೀಸಿಸ್ ಥೈರಾಯ್ಡ್ ಗಂಟುಗಳ ಮೇಲೆ. ಅಲ್ಟ್ರಾಸೌಂಡ್‌ನಲ್ಲಿ ಗಂಟು ನೋಡಿ, 2017ರಲ್ಲಿ ಬಂದ ಎಸಿಆರ್ ಟೈರ್ಯಾಡ್ಸ್ ಅನ್ನುವ ವಿಂಗಡಣೆ ಪ್ರಕಾರ ಟಿಆರ್1ರಿಂದ (ಅಪಾಯವಿಲ್ಲದ್ದು) ಟಿಆರ್5ರ (ಕ್ಯಾನ್ಸರ್ ಅನುಮಾನ ಅತಿ ಹೆಚ್ಚು) ತನಕ ವಿಂಗಡಿಸಿದ್ದೀರಿ. ಆಮೇಲೆ ಎಫ್‌ಎನ್‌ಎಸಿ, ಅಂದರೆ ಗಂಟಿಗೆ ಸೂಜಿ ಹಾಕಿ ತೆಗೆದ ಜೀವಕೋಶಗಳ ಪರೀಕ್ಷೆ, ಅದರ ವರದಿ ಜೊತೆ ಹೋಲಿಸಿದ್ದೀರಿ. ಇಂಥ ಪೇಪರಿಗೆ ನಾಲ್ಕೈದು ಚಿತ್ರ ಸಾಕು. ಎಲ್ಲರಿಗೂ ಗೊತ್ತಿರುವ ಟಿಆರ್5 ಗಂಟಿನದೇ ಮೂರು ಬೇಡ. ನೀವು ತಪ್ಪಿದ ಒಂದು ಗಂಟನ್ನೂ ಹಾಕಿ: ಟಿಆರ್3 ಅಂದುಕೊಂಡಿರಿ, ವರದಿ ಕ್ಯಾನ್ಸರ್ ಅಂತ ಬಂತು. ಅದನ್ನು ತೋರಿಸುವ ಪೇಪರ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಈಗ ಚಿತ್ರ ತೆಗೆಯುವ ಕ್ರಮ. ಮಾನಿಟರ್‌ನ ಫೋಟೋ ಮೊಬೈಲಿನಲ್ಲಿ ಹೊಡೆಯಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಳ್ಳಬೇಡಿ, ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಆಸ್ಪತ್ರೆಯ ಸ್ಕ್ಯಾನ್‌ಗಳನ್ನು ಕೂಡಿಡುವ ಪ್ಯಾಕ್ಸ್‌ನಿಂದ ಡೈಕಾಮ್ ಫೈಲನ್ನೇ, ಅಂದರೆ ಸ್ಕ್ಯಾನಿನ ಮೂಲ ಫೈಲನ್ನೇ, ತೆಗೆದುಕೊಂಡು ಅಲ್ಲಿಂದ ಟಿಫ್ ಚಿತ್ರ ಮಾಡಿ. ಬಹಳಷ್ಟು ಜರ್ನಲ್‌ಗಳು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಕೇಳುತ್ತವೆ. ಅದರ ಲೆಕ್ಕ ಇಷ್ಟೇ: ಪುಟದಲ್ಲಿ 8 ಸೆಂ.ಮೀ. ಅಗಲ ಬರಬೇಕಾದ ಚಿತ್ರಕ್ಕೆ ಸುಮಾರು 945 ಪಿಕ್ಸೆಲ್ ಅಗಲ ಬೇಕು. 500 ಪಿಕ್ಸೆಲ್ ಇರುವ ಚಿತ್ರಕ್ಕೆ ಫೋಟೋಶಾಪ್‌ನಲ್ಲಿ 300 ಅಂತ ಅಂಕಿ ಬರೆದರೆ ವಿವರ ಹುಟ್ಟಿಕೊಳ್ಳುವುದಿಲ್ಲ. ಮೂಲದಲ್ಲೇ ಇರಬೇಕು.

ಇನ್ನು ರೋಗಿಯ ಹೆಸರು. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನಾನೇ ಇಲ್ಲಿ ತಪ್ಪಿದ್ದೇನೆ. ನನ್ನ ಮೊದಲ ಪೇಪರಿನ ಚಿತ್ರಗಳನ್ನು ಪವರ್‌ಪಾಯಿಂಟ್‌ನಲ್ಲಿ ಜೋಡಿಸಿದ್ದೆ. ಮೇಲಿನ ಹೆಸರಿನ ಸಾಲನ್ನು ಕ್ರಾಪ್ ಮಾಡಿ ಆ ಫೈಲನ್ನೇ ಕಳಿಸಿದೆ. ಎರಡು ದಿನದಲ್ಲಿ ಪೇಪರ್ ವಾಪಸ್ ಬಂತು. ಎಡಿಟರ್ ಕಚೇರಿಯವರು ಕ್ರಾಪ್ ಬಿಚ್ಚಿ ನೋಡಿದ್ದರು. ಆ ತಾಯಿಯ ಹೆಸರು, ವಯಸ್ಸು, ಆಸ್ಪತ್ರೆ ನಂಬರ್ ಎಲ್ಲ ಅಲ್ಲೇ ಇತ್ತು. ಪವರ್‌ಪಾಯಿಂಟ್ ಕ್ರಾಪ್ ಅಳಿಸುವುದಿಲ್ಲ, ಬರೀ ಮುಚ್ಚಿಡುತ್ತದೆ. ಅವತ್ತು ನನಗೆ ಪೇಪರ್ ವಾಪಸ್ ಬಂದದ್ದಕ್ಕಿಂತ, ನನ್ನ ನಂಬಿ ಸಹಿ ಹಾಕಿದ ಆ ಹೆಂಗಸಿನ ಮುಖ ನೆನಪಾಗಿ ಸಂಕಟವಾಯಿತು.

ಹಾಗಾಗಿ ಹೆಸರು ಎರಡು ಕಡೆ ಇರುತ್ತದೆ ಅಂತ ನೆನಪಿಡಿ. ಒಂದು, ಡೈಕಾಮ್ ಫೈಲಿನ ಒಳಗಿನ ಟ್ಯಾಗ್‌ಗಳಲ್ಲಿ. ಅನಾನಿಮೈಜ್ ಅಂತ ಒತ್ತಿದರೆ ಅದು ಹೋಗುತ್ತದೆ. ಇನ್ನೊಂದು, ಚಿತ್ರದ ಮೇಲೇ ಅಚ್ಚಾಗಿರುವುದು. ಅಲ್ಟ್ರಾಸೌಂಡ್‌ನಲ್ಲಿ ಇದೇ ಜಾಸ್ತಿ. ಟ್ಯಾಗ್ ಅಳಿಸಿದರೂ ಇದು ಉಳಿಯುತ್ತದೆ. ಇದನ್ನು ಇಮೇಜ್ ಎಡಿಟರ್‌ನಲ್ಲಿ ನಿಜವಾಗಿ ಕತ್ತರಿಸಿ, ಹೊಸ ಫೈಲಾಗಿ ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಿ. ಫೈಲಿನ ಹೆಸರಲ್ಲೂ ರೋಗಿಯ ಹೆಸರು ಇರಬಾರದು. ತಲೆಯ ಸಿಟಿ, ಎಂಆರ್‌ಐ ಆದರೆ ಇನ್ನೂ ಒಂದು ಮಾತು: ಪೂರ್ತಿ ಸ್ಲೈಸ್‌ಗಳಿಂದ ಮುಖವನ್ನೇ ಮೂರು ಆಯಾಮದಲ್ಲಿ ಕಟ್ಟಬಹುದು. ಪೂರ್ತಿ ಡೇಟಾ ಹಂಚುವಾಗ ಮುಖದ ಭಾಗ ತೆಗೆಯಿರಿ. ಗರ್ಭದ ಸ್ಕ್ಯಾನ್ ಇದ್ದರೆ ಮಗುವಿನ ಲಿಂಗ ತಿಳಿಯುವ ಚಿತ್ರವಾಗಲಿ ಮಾತಾಗಲಿ ಪೇಪರಿನಲ್ಲಿ ಬರದಂತೆ ನೋಡಿಕೊಳ್ಳಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾನೂನು ನಮ್ಮ ತಲೆಯ ಮೇಲಿದೆ ಅಲ್ವಾ.

ಬಾಣದ ಗುರುತು ಹಾಕಿದ ಒಂದು ಪ್ರತಿ, ಹಾಕದ ಒಂದು ಪ್ರತಿ, ಎರಡೂ ಇಟ್ಟುಕೊಳ್ಳಿ. ಬಾಣ ಗಂಟಿನ ಅಂಚು ಮುಟ್ಟಲಿ, ಗಂಟನ್ನು ಮುಚ್ಚುವುದು ಬೇಡ. ಬ್ರೈಟ್‌ನೆಸ್ ಬದಲಿಸಿದರೆ ಇಡೀ ಚಿತ್ರಕ್ಕೆ ಒಂದೇ ಸಮ ಬದಲಿಸಿ. ಗಂಟಿನ ಜಾಗ ಮಾತ್ರ ಬೆಳಗಿಸಿದರೆ ಅದು ಚಿತ್ರವನ್ನು ತಿರುಚಿದ ಹಾಗೆ ಆಗುತ್ತದೆ. ಚಿತ್ರದ ಕೆಳಗಿನ ಬರಹ ಒಂಟಿಯಾಗಿ ಓದಿದರೂ ಅರ್ಥವಾಗಬೇಕು: ಯಾವ ಸ್ಕ್ಯಾನ್, ಯಾವ ಅಡ್ಡಕೊಯ್ತ ಅಥವಾ ಯಾವ ಸೀಕ್ವೆನ್ಸ್, ಬಾಣ ಏನನ್ನು ತೋರಿಸುತ್ತಿದೆ, ಕೊನೆಗೆ ರೋಗ ಏನೆಂದು ಖಚಿತವಾಯಿತು.

ಒಬ್ಬ ರೋಗಿಯ ಬಗ್ಗೆಯೇ ಬರೆಯುವ ಕೇಸ್ ರಿಪೋರ್ಟ್ ಆದರೆ ರೋಗಿಯ ಲಿಖಿತ ಒಪ್ಪಿಗೆ ಬೇಕು, ಅದೂ ಅವರಿಗೆ ಓದಲು ಬರುವ ಭಾಷೆಯಲ್ಲಿ. ನಾನು ಕನ್ನಡದಲ್ಲೇ ಒಂದು ಪುಟ ಮಾಡಿಟ್ಟುಕೊಂಡಿದ್ದೇನೆ. ಒಮ್ಮೆ ಒಬ್ಬ ಅಜ್ಜಿ ಕೇಳಿದರು, "ನನ್ನ ಹೆಸರು ಬರೋದಿಲ್ಲ ಅಂತೀರಿ, ಮತ್ತೆ ಹೆಬ್ಬೆಟ್ಟು ಯಾಕವ್ವಾ?" ಚಿತ್ರ ನಿಮ್ಮದು ಅಜ್ಜಿ, ಕೇಳದೆ ತಗೊಳ್ಳೋ ಹಾಗಿಲ್ಲ ಅಂದೆ. ಹೆಬ್ಬೆಟ್ಟು ಒತ್ತಿದರು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಹತ್ತಿರ ಇರಬೇಕು, ಅವರೂ ಸಹಿ ಹಾಕಬೇಕು.

ಥೀಸಿಸ್‌ಗೆ ಎಥಿಕ್ಸ್ ಕಮಿಟಿಯ ಪತ್ರ ಹೇಗೂ ಇರುತ್ತದೆ. ಅದರ ನಂಬರ್, ತಾರೀಖು ಪೇಪರಿನಲ್ಲಿ ಬರೆಯಿರಿ. ಆಮೇಲೆ ಹೊಸ ಕೇಸ್ ಸೇರಿಸಿದ್ದರೆ ಕಮಿಟಿಗೆ ಮತ್ತೆ ಹೋಗಿ. ಚಿಕಿತ್ಸೆ ಕೊಟ್ಟು ನೋಡುವ ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ದೇಶದ ಟ್ರಯಲ್ ನೋಂದಣಿ ತಾಣವಾದ ಸಿಟಿಆರ್‌ಐನಲ್ಲಿ ನೋಂದಾಯಿಸಿರಬೇಕು. 2018ರ ಏಪ್ರಿಲ್‌ನಿಂದ ಟ್ರಯಲ್ ಶುರುವಾದ ಮೇಲೆ ನೋಂದಣಿ ಮಾಡಿಸುವ ಹಾಗಿಲ್ಲ.

ಬರೆಯುವ ಕ್ರಮ ನನ್ನದು ಹೀಗೆ: ಚಿತ್ರ, ಕೋಷ್ಟಕ, ಫಲಿತಾಂಶ, ವಿಧಾನ, ಚರ್ಚೆ, ಆಮೇಲೆ ಪೀಠಿಕೆ, ಕೊನೆಗೆ ಸಾರಾಂಶ. ಥೀಸಿಸ್‌ನಲ್ಲಿ ಥೈರಾಯ್ಡ್‌ನ ಅಂಗರಚನೆ, ಭ್ರೂಣದಲ್ಲಿ ಅದು ಬೆಳೆಯುವ ಬಗೆ ಅಂತ ಪುಟಗಟ್ಟಲೆ ಇರುತ್ತದೆ. ಅದೆಲ್ಲ ಬಿಡಿ. ಪೀಠಿಕೆ ಮೂರು ಪ್ಯಾರಾ: ಏನು ಗೊತ್ತಿದೆ, ಏನು ಗೊತ್ತಿಲ್ಲ, ನಾವು ಏನು ನೋಡಿದೆವು.

ವಿಧಾನದ ಭಾಗದಲ್ಲಿ ಜಿಪುಣತನ ಬೇಡ. ಯಾವ ಯಂತ್ರ, ಪ್ರೋಬ್‌ನ ಮೆಗಾಹರ್ಟ್ಜ್ ಎಷ್ಟು, ಚಿತ್ರ ಓದಿದವರು ಯಾರು, ಅವರಿಗೆ ಎಷ್ಟು ವರ್ಷದ ಅನುಭವ, ಓದುವಾಗ ಎಫ್‌ಎನ್‌ಎಸಿ ವರದಿ ಅವರಿಗೆ ಗೊತ್ತಿತ್ತಾ. ಈ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದೆ ಬಂದ ಪೇಪರ್‌ಗಳನ್ನು ರಿವ್ಯೂವರ್ ಆಗಿ ನಾನೇ ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಇಬ್ಬರು ಬೇರೆ ಬೇರೆಯಾಗಿ ಓದಿ, ಅವರ ಅಭಿಪ್ರಾಯ ಎಷ್ಟು ಕೂಡುತ್ತದೆ ಅಂತ ಅಳೆಯುವ ಕಪ್ಪಾ ಅನ್ನುವ ಲೆಕ್ಕ ಕೊಟ್ಟರೆ ಪೇಪರ್ ಗಟ್ಟಿಯಾಗುತ್ತದೆ. ಪರೀಕ್ಷೆಯ ನಿಖರತೆ ಅಳೆಯುವ ಅಧ್ಯಯನದ ಪೇಪರಿನಲ್ಲಿ ಏನೇನು ಇರಬೇಕು ಅಂತ ಸ್ಟಾರ್ಡ್ 2015 ಅನ್ನುವ ಪಟ್ಟಿ ಇದೆ, ಅದರಲ್ಲಿ 30 ಅಂಶ. ಅದನ್ನು ಪ್ರಿಂಟ್ ತೆಗೆದು, ಪ್ರತಿ ಅಂಶ ಯಾವ ಪುಟದಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೇಸ್ ರಿಪೋರ್ಟಿಗೆ ಕೇರ್ ಪಟ್ಟಿ, ಎಐ ಅಧ್ಯಯನಕ್ಕೆ ಕ್ಲೇಮ್ ಪಟ್ಟಿ.

ಫಲಿತಾಂಶದಲ್ಲಿ ಬರೀ ಶೇಕಡಾ ಬರೆಯಬೇಡಿ. 50 ಕ್ಯಾನ್ಸರ್ ಗಂಟುಗಳಲ್ಲಿ 45 ಹಿಡಿದಿರಿ ಅಂದುಕೊಳ್ಳಿ. ಸೆನ್ಸಿಟಿವಿಟಿ, ಅಂದರೆ ಇರುವ ರೋಗವನ್ನು ಹಿಡಿಯುವ ಪ್ರಮಾಣ, ಶೇ. 90. ಕೇಳಲು ಚೆನ್ನಾಗಿದೆ. ಆದರೆ ಅದರ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, ಸುಮಾರು 79ರಿಂದ 96. ಅಂದರೆ ನಿಜವಾದ ಅಂಕಿ 80ರ ಹತ್ತಿರವೂ ಇರಬಹುದು. ಇದನ್ನು ಓದುಗರಿಗೆ ಹೇಳಲೇಬೇಕು, ಅವರು ನಾಳೆ ಯಾರದೋ ಕುತ್ತಿಗೆಯ ಗಂಟಿನ ಬಗ್ಗೆ ತೀರ್ಮಾನ ಮಾಡುವವರು.

ಮಿತಿಗಳನ್ನೂ ಬಿಚ್ಚಿ ಬರೆಯಿರಿ. ಟೈರ್ಯಾಡ್ಸ್ ಪ್ರಕಾರ ಸೂಜಿ ಹಾಕಲು ಟಿಆರ್3 ಗಂಟು 2.5 ಸೆಂ.ಮೀ. ಇರಬೇಕು, ಟಿಆರ್4 ಆದರೆ 1.5, ಟಿಆರ್5 ಆದರೆ 1 ಸೆಂ.ಮೀ. ಅದಕ್ಕಿಂತ ಚಿಕ್ಕ ಗಂಟುಗಳಿಗೆ ಸೂಜಿಯೇ ಹಾಕಿರುವುದಿಲ್ಲ. ಹಾಗಾದರೆ ನಿಮ್ಮ ಅಂಕಿಅಂಶ ಸೂಜಿ ಹಾಕಿದ ಗಂಟುಗಳದ್ದು ಮಾತ್ರ. ಇದನ್ನು ನೀವೇ ಹೇಳಿಬಿಡಿ, ರಿವ್ಯೂವರ್ ಹುಡುಕುವ ತನಕ ಕಾಯಬೇಡಿ.

ಥೀಸಿಸ್‌ನ ವಾಕ್ಯಗಳನ್ನು ಹಾಗೇ ಎತ್ತಿಡಬೇಡಿ. ನಿಮ್ಮ ಬರಹವೇ ಆದರೂ ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಹಿಡಿಯುತ್ತದೆ. ಹೊಸದಾಗಿ ಬರೆಯಿರಿ, ಥೀಸಿಸ್ ಆಧಾರಿತ ಅಂತ ಎಡಿಟರ್‌ಗೆ ತಿಳಿಸಿ. ಉಲ್ಲೇಖಗಳನ್ನು ಜೋಡಿಸಲು ಜೊಟೆರೊ ಅನ್ನುವ ಸಾಫ್ಟ್‌ವೇರ್ ಬಳಸಿ, ಉಚಿತ. ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ತೆರೆದು ನೋಡದೆ ಹಾಕಬೇಡಿ, ಇಲ್ಲದ ಪೇಪರ್‌ಗಳನ್ನು ಅದು ಇದೆ ಅನ್ನುತ್ತದೆ. ಭಾಷೆ ತಿದ್ದಲು ಬಳಸಿದ್ದರೆ ಬಳಸಿದ್ದೇವೆ ಅಂತ ಬರೆಯಿರಿ.

ಲೇಖಕರ ಹೆಸರಿನ ವಿಷಯ ಬರೆಯುವ ಮುಂಚೆಯೇ ಕೂತು ಮಾತಾಡಿ. ವೈದ್ಯಕೀಯ ಜರ್ನಲ್ ಎಡಿಟರ್‌ಗಳ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇಯ ನಿಯಮದಲ್ಲಿ ಲೇಖಕರಾಗಲು ನಾಲ್ಕು ಷರತ್ತು ಇವೆ: ಅಧ್ಯಯನದಲ್ಲಿ ಗಣನೀಯ ಕೆಲಸ ಮಾಡಿರಬೇಕು, ಬರೆದಿರಬೇಕು ಅಥವಾ ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿರಬೇಕು, ಪೇಪರಿನ ಎಲ್ಲದಕ್ಕೂ ಹೊಣೆ ಹೊರಬೇಕು. ನಾಲ್ಕೂ ಬೇಕು. ದೊಡ್ಡವರು ಅಂತ ಸುಮ್ನೆ ಹೆಸರು ಸೇರಿಸುವ ಅಭ್ಯಾಸ ನನಗೆ ಒಪ್ಪಿಗೆ ಇಲ್ಲ. ಆದರೆ ಎಲ್ಲ ಸ್ಲೈಡ್ ಓದಿದ ಪೆಥಾಲಜಿ ಡಾಕ್ಟರನ್ನು ಬರೀ ಧನ್ಯವಾದದಲ್ಲಿ ಮುಗಿಸುವುದು ಇನ್ನೂ ದೊಡ್ಡ ಅನ್ಯಾಯ. ಡ್ರಾಫ್ಟ್ ಅವರಿಗೂ ಕೊಡಿ, ತಿದ್ದಲು ಕೇಳಿ, ಲೇಖಕರಾಗುವ ಅವಕಾಶ ಅವರಿಗೂ ಸಿಗಲಿ.

ಜರ್ನಲ್ ಆರಿಸುವಾಗ ಅದರ ಇತ್ತೀಚಿನ ಮೂರು ಸಂಚಿಕೆ ತೆರೆದು ನೋಡಿ. ನಿಮ್ಮಂಥ ಪೇಪರ್ ಅಲ್ಲಿ ಬರುತ್ತದಾ? ನಮ್ಮ ಇಂಡಿಯನ್ ರೇಡಿಯಾಲಜಿಕಲ್ ಅಂಡ್ ಇಮೇಜಿಂಗ್ ಅಸೋಸಿಯೇಷನ್‌ನದೇ ಜರ್ನಲ್ ಇದೆ, ಇಂಡಿಯನ್ ಜರ್ನಲ್ ಆಫ್ ರೇಡಿಯಾಲಜಿ ಅಂಡ್ ಇಮೇಜಿಂಗ್. ನಮ್ಮ ಊರುಗಳ ರೋಗ, ನಮ್ಮ ಯಂತ್ರಗಳ ಪರಿಸ್ಥಿತಿ ಅಲ್ಲಿನ ಓದುಗರಿಗೆ ಗೊತ್ತು. ನಿಮ್ಮನ್ನು ಹೊಗಳಿ, ಒಂದು ವಾರದಲ್ಲಿ ಪ್ರಕಟಿಸುತ್ತೇವೆ ಅಂತ ಇಮೇಲ್ ಕಳಿಸುವವರಿಗೆ ಉತ್ತರವನ್ನೇ ಕೊಡಬೇಡಿ. ಪಬ್‌ಮೆಡ್‌ನಲ್ಲಿ ಇದ್ದೇವೆ ಅಂದರೆ ನೀವೇ ಹುಡುಕಿ ನೋಡಿ. ಓಪನ್ ಆ್ಯಕ್ಸೆಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಪ್ರಕಟಿಸುವ, ಶುಲ್ಕ ಎಷ್ಟು ಅಂತ ಕಳಿಸುವ ಮೊದಲೇ ತಿಳಿದುಕೊಳ್ಳಿ. ಒಂದು ಸಲಕ್ಕೆ ಒಂದೇ ಜರ್ನಲ್.

ಕಳಿಸುವ ದಿನ ಅವಸರ ಇರಬಾರದು. ನೈಟ್ ಡ್ಯೂಟಿ ಮಧ್ಯೆ ಕೂರಬೇಡಿ. ಲೇಖಕರ ಸೂಚನೆ ಪುಟವನ್ನು ಮತ್ತೊಮ್ಮೆ ಓದಿ: ಪದಗಳ ಮಿತಿ, ಚಿತ್ರಗಳ ಮಿತಿ. ಪ್ರತಿ ಲೇಖಕರ ಇಮೇಲ್, ಸಂಶೋಧಕರ ಗುರುತಿನ ಸಂಖ್ಯೆಯಾದ 16 ಅಂಕಿಯ ಆರ್ಕಿಡ್ ನಂಬರ್ ಕೈಯಲ್ಲಿರಲಿ. ರಿವ್ಯೂವರ್‌ಗೆ ಲೇಖಕರು ಯಾರೆಂದು ತಿಳಿಯಬಾರದು ಅನ್ನುವ ಜರ್ನಲ್ ಆದರೆ ಹೆಸರುಗಳ ಪುಟ ಬೇರೆ ಫೈಲ್. ಮುಖ್ಯ ಫೈಲಿನಲ್ಲಿ ಕಾಲೇಜಿನ ಹೆಸರು ಎಲ್ಲೂ ಇರಬಾರದು, ಎಥಿಕ್ಸ್ ಕಮಿಟಿಯ ಸಾಲಿನಲ್ಲೂ, ಚಿತ್ರದ ಮೂಲೆಯಲ್ಲೂ. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು ಕೂತಿರುತ್ತದೆ. ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಒತ್ತಿ ತೆಗೆಯಿರಿ. ಕವರ್ ಲೆಟರ್ ಅರ್ಧ ಪುಟ ಸಾಕು. ಕೊನೆಗೆ ಜರ್ನಲ್‌ನ ಆನ್‌ಲೈನ್ ವ್ಯವಸ್ಥೆ ಎಲ್ಲ ಸೇರಿಸಿ ಒಂದು ಪಿಡಿಎಫ್ ಕಟ್ಟಿಕೊಡುತ್ತದೆ. ಅದನ್ನು ಕೊನೆಯ ಪುಟದ ತನಕ ತೆರೆದು ನೋಡಿ, ಆಮೇಲೆ ಒಪ್ಪಿಗೆ ಒತ್ತಿ. ಆ ಕೊನೆಯ ಗುಂಡಿ ಒತ್ತದೆ ತಿಂಗಳುಗಟ್ಟಲೆ ಉತ್ತರಕ್ಕೆ ಕಾದವರಿದ್ದಾರೆ.

ಉತ್ತರ ಬರಲು ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ತಿದ್ದಿ ಕಳಿಸಿ ಅಂದರೆ ಅದು ಒಳ್ಳೆ ಸುದ್ದಿ. ರಿವ್ಯೂವರ್ ಹೇಳಿದ ಪ್ರತಿ ಮಾತನ್ನೂ ಹಾಗೇ ಬರೆದು, ಕೆಳಗೆ ನಿಮ್ಮ ಉತ್ತರ, ಯಾವ ಪುಟದ ಯಾವ ಸಾಲಿನಲ್ಲಿ ಬದಲಿಸಿದಿರಿ ಅಂತ ಕೊಡಿ. ಒಪ್ಪದಿದ್ದರೆ ಕಾರಣ ಕೊಟ್ಟು ಒಪ್ಪುವುದಿಲ್ಲ ಅನ್ನಿ, ಅದಕ್ಕೆ ಯಾರೂ ಬೇಜಾರಾಗುವುದಿಲ್ಲ. ಸಿಟ್ಟು ಬಂದರೆ ಎರಡು ದಿನ ಬಿಟ್ಟು ಬರೆಯಿರಿ. ತಿರಸ್ಕಾರ ಆದರೆ ಟಿಪ್ಪಣಿ ಓದಿ, ತಿದ್ದಿ, ಮುಂದಿನ ಜರ್ನಲ್‌ನ ನಿಯಮಕ್ಕೆ ಹೊಂದಿಸಿ ಕಳಿಸಿ.

ಒಪ್ಪಿಗೆ ಸಿಕ್ಕ ಮೇಲೆ ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಪುಟಗಳ ಪ್ರತಿ, ಬರುತ್ತದೆ, ನೋಡಲು ಎರಡು ಮೂರು ದಿನ ಕೊಡುತ್ತಾರೆ. ಎಲ್ಲರೂ ಮೊದಲು ತಮ್ಮ ಹೆಸರಿನ ಕಾಗುಣಿತ ನೋಡುತ್ತಾರೆ. ನೀವು ಮೊದಲು ಚಿತ್ರ ನೋಡಿ. ಪುಟ ಕಟ್ಟುವವರು ರೇಡಿಯಾಲಜಿಸ್ಟ್ ಅಲ್ಲ. ಎಡಬಲ ತಿರುಗಿದೆಯಾ, ಬಾಣ ಜರುಗಿದೆಯಾ, 2ನೇ ಚಿತ್ರದ ಬರಹ 3ನೇ ಚಿತ್ರದ ಕೆಳಗೆ ಕೂತಿದೆಯಾ, ಮೂಲೆಯಲ್ಲಿ ಯಾವುದಾದರೂ ಅಕ್ಷರ ಉಳಿದಿದೆಯಾ, ಮೂಲ ಚಿತ್ರವನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡು ಒಂದೊಂದಾಗಿ ಹೋಲಿಸಿ. ಎಲ್ಲ ಸರಿ ಇದ್ದರೆ ಪ್ರೂಫ್ ವಾಪಸ್ ಕಳಿಸಿ.