ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ ಸಿಬ್ಬಂದಿಗೆ ಎಚ್‌ಐವಿ ಆರೈಕೆಯ ತರಬೇತಿ: ಏನು ಕಲಿಸಬೇಕು, ಹೇಗೆ ಕಲಿಸಬೇಕು

2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಗಳ ಚಿಕಿತ್ಸೆ) ಶುರು ಮಾಡಿದಾಗ ದೇಶಕ್ಕೆಲ್ಲ ಇದ್ದದ್ದು ಎಂಟು ಆಸ್ಪತ್ರೆ. ಆಗ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ ಎಆರ್‌ಟಿ ಸೆಂಟರ್ ಜಿಲ್ಲಾಸ್ಪತ್ರೆಯಲ್ಲಿದೆ, ತಿಂಗಳ ಮಾತ್ರೆ ಕೊಡುವ ಲಿಂಕ್ ಎಆರ್‌ಟಿ ಸೆಂಟರ್ ತಾಲ್ಲೂಕಿಗೆ ಬಂದಿದೆ, ಬೆರಳು ಚುಚ್ಚಿ ಮಾಡುವ ತಪಾಸಣೆ ಪಿಎಚ್‌ಸಿಗೂ ಇಳಿದಿದೆ. 2017ರಿಂದ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ, ಸೋಂಕು ದೃಢಪಟ್ಟವರಿಗೆಲ್ಲ ಚಿಕಿತ್ಸೆ. ಇಷ್ಟು ಕೆಲಸವನ್ನು ತಜ್ಞ ವೈದ್ಯರೇ ಮಾಡಲಾಗದು. ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನೀಷಿಯನ್, ಆಪ್ತಸಮಾಲೋಚಕರು ಹಂಚಿಕೊಳ್ಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಅಡಿಸ್ ಅಬಾಬಾದಲ್ಲಿ ಇದಕ್ಕೆಂದು ಮಾರ್ಗಸೂಚಿ ಹೊರಡಿಸಿತು. ಹಂಚಿಕೊಂಡ ಕೆಲಸ ಕೆಡುವುದು ಸಾಮಾನ್ಯವಾಗಿ ತರಬೇತಿ ಕೊಟ್ಟ ರೀತಿಯಿಂದ. ಜಿಲ್ಲೆಯಲ್ಲೋ ತಾಲ್ಲೂಕಿನಲ್ಲೋ ತರಬೇತಿ ನಡೆಸುವವರಿಗಾಗಿ ಈ ಬರಹ.

ಮೊದಲು ಕೆಲಸದ ಪಟ್ಟಿ, ಆಮೇಲೆ ಪಾಠದ ಪಟ್ಟಿ

‘ಎಚ್‌ಐವಿ ವೈರಾಣುವಿನ ರಚನೆ’ ಎಂಬ ಸ್ಲೈಡಿನಿಂದ ಶುರುವಾದ ತರಬೇತಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಜನ ಮೊಬೈಲ್ ನೋಡುತ್ತಿರುತ್ತಾರೆ. ವಾಪಸ್ ಹೋದ ಸೋಮವಾರ ಆ ನರ್ಸ್ ಏನು ಮಾಡಬೇಕೋ ಅದನ್ನು ಬರೆದುಕೊಳ್ಳಿ. ಪಿಎಚ್‌ಸಿ ಆದರೆ ಗರ್ಭಿಣಿಗೆ ಒಪ್ಪಿಗೆ ಕೇಳಿ ತಪಾಸಣೆ ಮಾಡುವುದು, ರಿಯಾಕ್ಟಿವ್ (ಸೋಂಕು ಇರಬಹುದೆಂಬ ಫಲಿತಾಂಶ) ಬಂದವರನ್ನು ಐಸಿಟಿಸಿಗೆ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ತಲುಪಿಸುವುದು, ಸೂಜಿ ಚುಚ್ಚಿದಾಗ ಏನು ಮಾಡಬೇಕೆಂಬುದು. ಲಿಂಕ್ ಸೆಂಟರ್ ಆದರೆ ತೂಕ, ಟಿಬಿ ಲಕ್ಷಣ, ಮಾತ್ರೆ ಎಣಿಕೆ, ವೈರಲ್ ಲೋಡ್ (ರಕ್ತದಲ್ಲಿನ ವೈರಾಣು ಪ್ರಮಾಣ) ಪರೀಕ್ಷೆಯ ತಾರೀಖು, ಗ್ರೀನ್ ಬುಕ್ (ರೋಗಿಯ ಕೈಯಲ್ಲಿರುವ ಪುಸ್ತಕ) ಮತ್ತು ವೈಟ್ ಕಾರ್ಡ್ (ಸೆಂಟರಿನಲ್ಲಿರುವ ಚಿಕಿತ್ಸಾ ದಾಖಲೆ) ಬರೆಯುವುದು, ಯಾರನ್ನು ಎಆರ್‌ಟಿ ಸೆಂಟರಿಗೆ ವಾಪಸ್ ಕಳಿಸಬೇಕು ಎಂಬ ತೀರ್ಮಾನ. ಹತ್ತು ಹನ್ನೆರಡು ಕೆಲಸಕ್ಕಿಂತ ಹೆಚ್ಚಾದರೆ ಪಟ್ಟಿ ತಪ್ಪಿದೆ ಎಂದರ್ಥ. ಈ ಪಟ್ಟಿಯಲ್ಲಿ ಇಲ್ಲದ ಸ್ಲೈಡ್ ತೆಗೆದುಹಾಕಿ.

ಒಂದು ಸಂಸ್ಥೆಯಿಂದ ಒಬ್ಬರನ್ನೇ ಕರೆಯಬೇಡಿ, ಇಬ್ಬರನ್ನು ಕರೆಯಿರಿ. ಒಬ್ಬರು ವರ್ಗವಾಗಿ ಹೋದರೂ, ಗುತ್ತಿಗೆ ಮುಗಿದು ಬಿಟ್ಟರೂ ಇನ್ನೊಬ್ಬರು ಉಳಿಯುತ್ತಾರೆ. ಟಿಎ-ಡಿಎ ಇರುವ ಎಲ್ಲ ತರಬೇತಿಗೂ ಒಬ್ಬರೇ ಹಿರಿಯರು ಬರುವ ರೂಢಿ ನಮ್ಮಲ್ಲಿ ಗಟ್ಟಿ. ಅದನ್ನು ತಪ್ಪಿಸಲು ಹೆಸರು ಕೇಳುವ ಪತ್ರದಲ್ಲೇ ‘ಮುಂದಿನ ಒಂದು ವರ್ಷ ಈ ಕೆಲಸವನ್ನು ಕೈಯಾರೆ ಮಾಡುವವರು’ ಎಂದು ಬರೆದು, ತಾಲ್ಲೂಕು ಆರೋಗ್ಯಾಧಿಕಾರಿಗಳ ಸಹಿ ಪಡೆಯಿರಿ.

ಒಂದು ಬ್ಯಾಚಿಗೆ 16ರಿಂದ 20 ಜನ ಸಾಕು. ಮೂವತ್ತು ದಾಟಿದರೆ ಅದು ಭಾಷಣವಾಗುತ್ತದೆ. ಮೂರು ದಿನ ಕೊಠಡಿ, ಎರಡು ದಿನ ಎಆರ್‌ಟಿ ಸೆಂಟರಿನ ಓಪಿಡಿಯಲ್ಲಿ ನಿಜವಾದ ಕೆಲಸ. ಕೊಠಡಿಯ ಮೂರು ದಿನದಲ್ಲೂ ಒಂದೊಂದು ಕೆಲಸಕ್ಕೆ ಒಂದೊಂದು ಮೇಜು ಇಟ್ಟು, ನಾಲ್ಕೈದು ಜನರ ಗುಂಪು ಮಾಡಿ, ಮೇಜಿನಿಂದ ಮೇಜಿಗೆ ತಿರುಗಿಸಿ.

ಪರೀಕ್ಷೆಯ ಮೇಜು

ಪ್ರತಿಯೊಬ್ಬರೂ ಕನಿಷ್ಠ ಐದು ಪರೀಕ್ಷೆ ಮಾಡಲಿ, ಒಬ್ಬರು ಪಕ್ಕದಲ್ಲಿ ಚೆಕ್‌ಲಿಸ್ಟ್ ಹಿಡಿದು ನೋಡಲಿ. ಬೆರಳು ಚುಚ್ಚುವ ಅಭ್ಯಾಸ ಪರಸ್ಪರರ ಮೇಲೆ ಆಗಬಹುದು. ಆದರೆ ಸಹೋದ್ಯೋಗಿಯ ರಕ್ತವನ್ನು ಎಚ್‌ಐವಿ ಕಿಟ್‌ಗೆ ಹಾಕಬಾರದು, ಕಿಟ್‌ಗೆ ಫಲಿತಾಂಶ ಗೊತ್ತಿರುವ ಮಾದರಿ ಬಳಸಿ. ಅಚಾನಕ್ಕಾಗಿ ಒಬ್ಬರ ಸ್ಥಿತಿ ಎಲ್ಲರೆದುರು ಬಯಲಾದರೆ ಆ ತರಬೇತಿ ಅಲ್ಲಿಗೇ ಮುಗಿದಂತೆ.

ಉಂಗುರದ ಬೆರಳು ಅಥವಾ ನಡುಬೆರಳಿನ ತುದಿಯ ಪಕ್ಕದಲ್ಲಿ ಚುಚ್ಚಬೇಕು, ಸ್ಪಿರಿಟ್ ಪೂರ್ತಿ ಆರಿದ ಮೇಲೆ. ಒದ್ದೆ ಇದ್ದಾಗ ಚುಚ್ಚಿದರೆ ರಕ್ತಕಣ ಒಡೆದು ಕಿಟ್‌ನ ಪರೀಕ್ಷಾ ಪಟ್ಟಿಯ ಹಿನ್ನೆಲೆ ಕೆಂಪಾಗುತ್ತದೆ, ಗೆರೆ ಕಾಣುವುದಿಲ್ಲ. ಬೆರಳನ್ನು ಹಿಂಡಿದರೂ ದ್ರವ ಬೆರೆತು ಮಾದರಿ ತೆಳುವಾಗುತ್ತದೆ. ಫ್ರಿಜ್‌ನಲ್ಲಿಟ್ಟ ಕಿಟ್ ಕೋಣೆಯ ಬಿಸಿಗೆ ಬರಲು ಅರ್ಧ ಗಂಟೆ ಬಿಡಬೇಕು. ಒಂದು ಕಂಪನಿಯ ಬಫರ್ (ಮಾದರಿಯ ಜೊತೆ ಹಾಕುವ ದ್ರವ) ಮುಗಿದಾಗ ಇನ್ನೊಂದರದ್ದು ಹಾಕುವ ಚಾಳಿ ಇದೆ, ಅದು ಬೇಡವೇ ಬೇಡ. ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಸಮಯದ್ದು. ಪಟ್ಟಿ ಇಟ್ಟು ಇಂಜೆಕ್ಷನ್ ಕೊಡಲು ಹೋದವರು ಮುಕ್ಕಾಲು ಗಂಟೆ ಬಿಟ್ಟು ಬಂದು ಓದುತ್ತಾರೆ. ಅಷ್ಟರಲ್ಲಿ ಒಣಗಿದ ಪಟ್ಟಿಯ ಮೇಲೆ ಸುಳ್ಳು ಗೆರೆ ಮೂಡಿರಬಹುದು. ಪ್ರತಿ ಮೇಜಿಗೂ ಒಂದು ಟೈಮರ್ ಕೊಡಿ, ಕಿಟ್‌ನ ಕಾಗದದಲ್ಲಿ ಬರೆದಷ್ಟೇ ನಿಮಿಷಕ್ಕೆ ಓದಿಸಿ. ಕಂಟ್ರೋಲ್ ಗೆರೆ ಬರದಿದ್ದರೆ ಅದು ನೆಗೆಟಿವ್ ಅಲ್ಲ, ಪರೀಕ್ಷೆಯೇ ಕೆಟ್ಟಿದೆ, ಹೊಸ ಕಿಟ್‌ನಲ್ಲಿ ಮತ್ತೆ ಮಾಡಬೇಕು. ಮಂಕಾದ ಗೆರೆ, ಗೆರೆಯೇ ಇಲ್ಲದ ಪಟ್ಟಿ, ಕೆಂಪಾದ ಪಟ್ಟಿ, ಇವುಗಳ ದೊಡ್ಡ ಫೋಟೋ ಗೋಡೆಗೆ ಅಂಟಿಸಿ ಒಬ್ಬೊಬ್ಬರಿಂದ ಓದಿಸುವುದು ಒಳ್ಳೆಯದು. ಮಂಕು ಗೆರೆಯ ಮುಂದೆ ಅನುಭವಿಗಳೂ ತಡವರಿಸುತ್ತಾರೆ. ಗೆರೆ ಎಷ್ಟೇ ಮಂಕಾಗಿದ್ದರೂ ಅದು ಗೆರೆಯೇ.

ಪಿಎಚ್‌ಸಿಯ ಒಂದು ಕಿಟ್‌ನಿಂದ ಯಾರಿಗೂ ಪಾಸಿಟಿವ್ ಎನ್ನುವಂತಿಲ್ಲ. ದೃಢಪಡಿಸಲು ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ಗಳ ಪರೀಕ್ಷೆ ಆಗಬೇಕು. ಆ ಮಾತನ್ನು ಹೇಗೆ ಹೇಳಬೇಕೆಂದು ಬಾಯಲ್ಲಿ ಆಡಿಸಿ. ಬಾಗಲಕೋಟೆ, ಬೆಳಗಾವಿ ಕಡೆಯ ಬ್ಯಾಚಾದರೆ ಪುಸ್ತಕದ ಕನ್ನಡದಲ್ಲಿ ಬೇಡ, ‘ಇನ್ನೊಂದ್ ಸಲ ನೋಡಬೇಕಾಗೇತ್ರಿ, ಇದೊಂದರ ಮ್ಯಾಲೆ ಏನೂ ಹೇಳಾಕ ಬರಂಗಿಲ್ಲ’ ಎಂದು ಅವರದೇ ಮಾತಿನಲ್ಲಿ. ‘ಐಸಿಟಿಸಿಗೆ ಹೋಗಿ’ ಎಂದು ಚೀಟಿ ಕೊಟ್ಟು ಕಳಿಸಿದರೆ ಎಷ್ಟೋ ಜನ ಬಸ್ ಸ್ಟ್ಯಾಂಡಿನಿಂದಲೇ ಮನೆಗೆ ಹೋಗುತ್ತಾರೆ. ಅವರ ಎದುರಿಗೇ ಅಲ್ಲಿನ ಆಪ್ತಸಮಾಲೋಚಕರಿಗೆ ಫೋನ್ ಮಾಡಿ, ದಿನ ಗೊತ್ತುಮಾಡಿ, ಸಂಜೆ ತಲುಪಿದರೇ ಎಂದು ವಿಚಾರಿಸುವುದೂ ಪರೀಕ್ಷೆಯ ಭಾಗವೇ.

ಮಾತ್ರೆಯ ಮೇಜು: ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ

ಈಗ ದೊಡ್ಡವರಲ್ಲಿ ಬಹುತೇಕ ಎಲ್ಲರೂ ತೆಗೆದುಕೊಳ್ಳುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಔಷಧಶಾಸ್ತ್ರ ಬೇಡ, ಓಪಿಡಿಯಲ್ಲಿ ಎದುರಾಗುವ ಪ್ರಸಂಗಗಳನ್ನು ಚೀಟಿಯಲ್ಲಿ ಬರೆದು ಎತ್ತಿಸಿ.

ಒಂದು ಚೀಟಿ: ರೋಗಿಗೆ ಟಿಬಿ ಬಂದು ರಿಫಾಂಪಿಸಿನ್ ಇರುವ ಚಿಕಿತ್ಸೆ ಶುರುವಾಗಿದೆ. ಆಗ ಡೊಲುಟೆಗ್ರಾವಿರ್ ಮಟ್ಟ ಕುಸಿಯುತ್ತದೆ. ಟಿಎಲ್‌ಡಿ ತೆಗೆದುಕೊಂಡ 12 ಗಂಟೆಗೆ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕು, ರಿಫಾಂಪಿಸಿನ್ ನಿಂತ ಮೇಲೂ ಎರಡು ವಾರ. ಟಿಬಿ ಘಟಕ ಒಂದು ಕೊಠಡಿಯಲ್ಲಿ, ಎಆರ್‌ಟಿ ಇನ್ನೊಂದರಲ್ಲಿ ಇರುವ ಕಡೆ ಈ ಎರಡನೇ ಮಾತ್ರೆ ಇಬ್ಬರ ನಡುವೆ ಬಿದ್ದುಹೋಗುತ್ತದೆ. ಇನ್ನೊಂದು ಚೀಟಿ: ಗರ್ಭಿಣಿ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನೂ ನುಂಗುತ್ತಿದ್ದಾಳೆ. ಇವು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಟಿಎಲ್‌ಡಿ, ಇಲ್ಲವೇ ಊಟದ ಜೊತೆ ಒಟ್ಟಿಗೆ. ಗ್ಯಾಸ್ ಎಂದು ತಾನೇ ಅಂಗಡಿಯಿಂದ ತಂದು ಕುಡಿಯುವ ಆಂಟಾಸಿಡ್‌ಗಾದರೆ ಊಟದ ವಿನಾಯಿತಿ ಇಲ್ಲ, ಅಂತರ ಬಿಡಲೇಬೇಕು. ಮೂರನೆಯದು: ಎಚ್‌ಐವಿ ಜೊತೆ ಹೆಪಟೈಟಿಸ್ ಬಿ ಇರುವವರು ‘ಆರಾಮಾಗೇನಿ’ ಎಂದು ಮಾತ್ರೆ ಬಿಟ್ಟಿದ್ದಾರೆ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಆ ವೈರಾಣುವನ್ನೂ ಹಿಡಿದಿಟ್ಟಿರುತ್ತವೆ. ಹಠಾತ್ತನೆ ಬಿಟ್ಟರೆ ಯಕೃತ್ತಿಗೆ ಪೆಟ್ಟು ಬೀಳಬಹುದು.

ಮಾತ್ರೆ ಎಣಿಕೆಯನ್ನು ನಿಜವಾದ ಡಬ್ಬಿಯಲ್ಲಿ ಮಾಡಿಸಿ. 30ರ ಡಬ್ಬಿ ಒಯ್ದವರು 28 ದಿನಕ್ಕೆ ಬಂದರೆ ಎರಡು ಉಳಿದಿರಬೇಕು. ಐದು ಉಳಿದಿದ್ದರೆ ಮೂರು ತಪ್ಪಿವೆ: 28ಕ್ಕೆ 25, ಸುಮಾರು 89 ಪ್ರತಿಶತ. ನಮಗೆ ಬೇಕಾದದ್ದು 95ಕ್ಕಿಂತ ಮೇಲೆ, ಅಂದರೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪಬಾರದು. ಒಂದೂ ಉಳಿಯದ ಖಾಲಿ ಡಬ್ಬಿ ತಂದವರನ್ನು ಕಲಿಯುವವರು ಹೊಗಳಿಬಿಡುತ್ತಾರೆ. ಅಲ್ಲಿ ಎರಡು ಮಾತ್ರೆ ಎಲ್ಲಿ ಹೋದವು ಎಂದು ಕೇಳಬೇಕು. ಬೈಸಿಕೊಳ್ಳುವ ಹೆದರಿಕೆಗೆ ಆಸ್ಪತ್ರೆ ಗೇಟಿನ ಬಳಿ ಮಾತ್ರೆ ಚೆಲ್ಲಿ ಬರುವವರಿದ್ದಾರೆ, ಗಂಡನ ಡಬ್ಬಿಯಿಂದ ಹೆಂಡತಿಗೆ ಕೊಟ್ಟವರೂ ಇರುತ್ತಾರೆ.

ಕೇಳುವ ರೀತಿಯಲ್ಲೇ ಅರ್ಧ ಚಿಕಿತ್ಸೆ ಇದೆ. ‘ಗುಳಿಗಿ ಸರಿಯಾಗಿ ತಗೋತೀರಿಲ್ಲೋ?’ ಎಂದರೆ ಉತ್ತರ ‘ಹೂಂರಿ ಸಿಸ್ಟರ್’ ಅಷ್ಟೇ. ‘ಗುಳಿಗಿ ತಪ್ಪೋದು ಎಲ್ಲಾರಿಗೂ ಇದ್ದದ್ದರಿ. ಹೋದ ವಾರದಾಗ ಯಾವತ್ತು ತಪ್ಪಿತ್ತು?’ ಎಂದು ಕೇಳಿದರೆ ಬೀಗರ ಮನೆಯ ಮದುವೆ, ಕಬ್ಬು ಕಡಿಯಲು ಹೋದ ಊರು, ಡಬ್ಬಿಯ ಸದ್ದು ಕೇಳಿ ‘ಏನದು’ ಎಂದ ಅತ್ತೆ ಎಲ್ಲ ಹೊರಬರುತ್ತವೆ. ಪರಿಹಾರಗಳೂ ಅಷ್ಟೇ ಸಣ್ಣವು: ಡಬ್ಬಿಯೊಳಗೆ ಹತ್ತಿ, ಊರಿಗೆ ಹೋಗುವಾಗ ಎರಡು ಮೂರು ದಿನದ ಮಾತ್ರೆ ಬೇರೆ ಪುಟ್ಟ ಡಬ್ಬಿಯಲ್ಲಿ, ವಲಸೆ ಹೋಗುವವರಿಗೆ ಆ ಊರಿನ ಸೆಂಟರಿಗೆ ಮೊದಲೇ ವರ್ಗಾವಣೆ. ನೆನಪಾದ ಕೂಡಲೇ ಆ ದಿನದ ಮಾತ್ರೆ ತೆಗೆದುಕೊಳ್ಳಬೇಕು, ಮಾರನೇ ದಿನ ಎರಡು ನುಂಗಬಾರದು ಎಂಬುದನ್ನು ರೋಗಿಯ ಬಾಯಿಂದಲೇ ತಿರುಗಿ ಹೇಳಿಸಬೇಕು.

ಈ ಮೇಜಿಗೆ ಅತ್ಯುತ್ತಮ ಗುರುಗಳು ಸೋಂಕಿನೊಂದಿಗೆ ಬದುಕುತ್ತಿರುವವರೇ. ವಿಶ್ವ ಆರೋಗ್ಯ ಸಂಸ್ಥೆಯ ಐಎಂಎಐ (ಹದಿಹರೆಯದವರ ಮತ್ತು ವಯಸ್ಕರ ಕಾಯಿಲೆಗಳ ಸಮಗ್ರ ನಿರ್ವಹಣೆ) ತರಬೇತಿಯಲ್ಲಿ ಇಂಥವರು ರೋಗಿಯ ಪಾತ್ರ ವಹಿಸಿ, ನರ್ಸ್ ಕೇಳಿದ್ದು ಹೇಗಿತ್ತೆಂದು ಕೊನೆಗೆ ಹೇಳುವ ಪದ್ಧತಿ ಇದೆ, ಉಗಾಂಡಾದಲ್ಲಿ ಇದು ನಡೆದಿದೆ. ಜಿಲ್ಲೆಯ ಪಾಸಿಟಿವ್ ನೆಟ್‌ವರ್ಕ್ (ಸೋಂಕಿತರ ಸಂಘ) ಮೂಲಕ ಕೇಳಿ, ಉಳಿದ ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವಷ್ಟೇ ಗೌರವಧನ ಕೊಡಿ. ನಿಜವಾದ ಹೆಸರು ಹೇಳಬೇಕಾಗಿಲ್ಲ, ಫೋಟೋ ಬೇಡ. ಕೊನೆಯ ದಿನದ ಗ್ರೂಪ್ ಫೋಟೋ ವಾಟ್ಸಾಪ್‌ಗೆ ಹೋಗುತ್ತದೆಂದು ನೆನಪಿರಲಿ.

ವೈರಲ್ ಲೋಡ್, ಟಿಬಿ, ಮಗು

ವೈರಲ್ ಲೋಡ್ ಆರು ತಿಂಗಳಿಗೆ, ಹನ್ನೆರಡಕ್ಕೆ, ಆಮೇಲೆ ವರ್ಷಕ್ಕೊಮ್ಮೆ. ಅದು ಒಂದು ಎಂಎಲ್ ರಕ್ತಕ್ಕೆ 1000 ದಾಟಿದರೆ ಮೊದಲು ತಿಂಗಳು ತಿಂಗಳು ಆಪ್ತಸಮಾಲೋಚನೆ, ಮಾತ್ರೆ ಸರಿಯಾಗಿ ನುಂಗಿದ್ದು ಖಾತ್ರಿಯಾದ ಮೇಲೆ ಮತ್ತೆ ಪರೀಕ್ಷೆ. ಔಷಧ ಬದಲಿಸುವುದು ನರ್ಸ್ ಕೆಲಸವಲ್ಲ, ತಾರೀಖು ತಪ್ಪದಂತೆ ನೋಡುವುದು ನರ್ಸ್ ಕೆಲಸ. ಟಿಬಿಗೆ ಪ್ರತಿ ಭೇಟಿಯಲ್ಲೂ ನಾಲ್ಕು ಪ್ರಶ್ನೆ: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ಕೇಳದೆಯೇ ‘ಇಲ್ಲ’ ಎಂದು ಟಿಕ್ ಹಾಕುವುದು ಎಲ್ಲ ಕಡೆ ಇದೆ. ವೈಟ್ ಕಾರ್ಡಿನಲ್ಲಿ ತೂಕ ನಾಲ್ಕು ಕೆಜಿ ಇಳಿದಿದ್ದು, ಪಕ್ಕದಲ್ಲಿ ‘ತೂಕ ಇಳಿಕೆ ಇಲ್ಲ’ ಎಂದಿರುವ ಒಂದು ಕಾರ್ಡಿನ ನಕಲನ್ನು ಹೆಸರು, ನಂಬರ್ ಅಳಿಸಿ ತೋರಿಸಿದರೆ ಸಾಕು. ಜೋರು ತಲೆನೋವಿನ ಜೊತೆ ವಾಂತಿ, ಏದುಸಿರು, ಕಾಮಾಲೆ ಕಂಡವರನ್ನು ಅದೇ ದಿನ ವೈದ್ಯರ ಬಳಿ ಕಳಿಸಬೇಕು.

ಸೋಂಕಿತ ತಾಯಿಯ ಮಗುವಿಗೆ ಸೋಂಕು ತಗಲದಂತೆ ನೆವಿರಪಿನ್ ಸಿರಪ್ ಆರು ವಾರ. ಹುಟ್ಟುತೂಕ ಎರಡೂವರೆ ಕೆಜಿಗಿಂತ ಹೆಚ್ಚಿದ್ದರೆ ದಿನಕ್ಕೊಮ್ಮೆ 1.5 ಎಂಎಲ್, 2ರಿಂದ 2.5 ಕೆಜಿ ಇದ್ದರೆ 1 ಎಂಎಲ್. ತಾಯಿಗೆ ಚಿಕಿತ್ಸೆ ತಡವಾಗಿದ್ದರೆ ಮಗುವಿನ ಔಷಧವೂ ಅವಧಿಯೂ ಬದಲಾಗುತ್ತವೆ, ಅದನ್ನು ವೈದ್ಯರು ನಿರ್ಧರಿಸಬೇಕು. ಸೂಜಿ ತೆಗೆದ ಸಿರಿಂಜಿನ ಮೇಲೆ ಆ ಗುರುತಿಗೆ ಬಣ್ಣದ ಟೇಪ್ ಸುತ್ತಿ, ತಾಯಿಯ ಕೈಯಲ್ಲೇ ಒಮ್ಮೆ ನೀರು ಎಳೆಸಬೇಕು. ಆರನೇ ವಾರದ ಲಸಿಕೆಗೆ ಬಂದಾಗಲೇ ಮಗುವಿನ ಎಚ್‌ಐವಿ ಪರೀಕ್ಷೆಗೆ ಹಿಮ್ಮಡಿಯಿಂದ ಒಣರಕ್ತದ ಮಾದರಿ (ಕಾಗದದ ಕಾರ್ಡಿನ ಮೇಲೆ ಒಣಗಿಸಿದ ರಕ್ತದ ಹನಿ). ಕಾರ್ಡ್ ಪೂರ್ತಿ ಒಣಗುವ ಮೊದಲೇ ಕವರಿಗೆ ಹಾಕಿದರೆ ಮಾದರಿ ತಿರಸ್ಕೃತವಾಗಿ ವಾಪಸ್ ಬರುತ್ತದೆ, ಅಷ್ಟರಲ್ಲಿ ತಾಯಿ ತವರಿನಿಂದ ಹೊರಟಿರುತ್ತಾಳೆ.

ಹೆದರಿಕೆಯ ಪಾಠ

ಸಿಬ್ಬಂದಿಯ ಹೆದರಿಕೆಯನ್ನು ಬೈದು ಓಡಿಸಲಾಗದು, ಲೆಕ್ಕ ಕೊಡಿ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 0.3 ಪ್ರತಿಶತ. ಹೆಪಟೈಟಿಸ್ ಬಿಯದ್ದು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದಕ್ಕೆ ಲಸಿಕೆ ಇದೆ. ತರಬೇತಿಯ ಮೊದಲ ದಿನವೇ ಯಾರು ಹಾಕಿಸಿಕೊಂಡಿಲ್ಲ ಎಂದು ಕೇಳಿ. ಚುಚ್ಚಿದರೆ ಸೋಪು, ನೀರಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಿಗಿಡಬಾರದು. ಸೋಂಕು ತಡೆಯುವ ಮಾತ್ರೆಯ ಮೊದಲ ಡೋಸ್ ಎರಡು ಗಂಟೆಯೊಳಗೆ ಆದರೆ ಒಳ್ಳೆಯದು, 72 ಗಂಟೆ ಮೀರಬಾರದು, ಒಟ್ಟು 28 ದಿನ. ಮಾತ್ರೆ ಎಲ್ಲಿದೆ, ಕೀಲಿ ಯಾರ ಹತ್ತಿರ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಆಸ್ಪತ್ರೆಯ ಮಟ್ಟಿಗೆ ಬರೆದು ತೋರಿಸಬೇಕು. ಭಾನುವಾರ ರಾತ್ರಿ ಕೀಲಿ ಸಿಗದ ಬೀರುವಿನಲ್ಲಿ ಔಷಧ ಇದ್ದೂ ಇಲ್ಲದಂತೆ.

ಎಚ್‌ಐವಿ ಎಂದು ಗೊತ್ತಾದವರಿಗೆ ಮಾತ್ರ ಎರಡು ಗ್ಲೌಸ್ ಹಾಕುವುದು, ಕೇಸ್ ಶೀಟಿಗೆ ಕೆಂಪು ಗುರುತು, ಮಂಚಕ್ಕೆ ಬೋರ್ಡ್ ಇವು ರಕ್ಷಣೆ ಅಲ್ಲ. ಪರೀಕ್ಷೆಯೇ ಆಗದ ರೋಗಿಯ ರಕ್ತಕ್ಕೂ ಅದೇ ಎಚ್ಚರಿಕೆ ಬೇಕು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಸ್ಥಿತಿಯನ್ನು ಹೊರಗೆ ಹೇಳುವುದು ಕಾನೂನುಬಾಹಿರ. ರಿಜಿಸ್ಟರಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕುವುದೂ ಇದರಲ್ಲೇ ಬಂತು.

ಐದು ದಿನ ಮುಗಿದ ಮೇಲೆ

ಪ್ರಿ-ಟೆಸ್ಟ್, ಪೋಸ್ಟ್-ಟೆಸ್ಟ್ ಅಂಕ ವರದಿಗೆ ಚೆಂದ, ಕೈ ಕಲಿತದ್ದನ್ನು ಅದು ಹೇಳುವುದಿಲ್ಲ. ಕೊನೆಯ ದಿನ ಪ್ರತಿಯೊಬ್ಬರಿಗೂ ನಾಲ್ಕು ಮೇಜು, ಒಂದೊಂದಕ್ಕೆ ಹತ್ತು ನಿಮಿಷ: ಪರೀಕ್ಷೆ, ಮಾತ್ರೆ ಎಣಿಕೆ, ನೆವಿರಪಿನ್ ಅಳತೆ, ಆಪ್ತಸಮಾಲೋಚನೆ. ಸಮಯಕ್ಕೆ ಮೊದಲೇ ಓದುವುದು, ಕಂಟ್ರೋಲ್ ಗೆರೆ ನೋಡದಿರುವುದು, ಇತರರ ಮುಂದೆ ಫಲಿತಾಂಶ ಹೇಳುವುದು ಇವುಗಳಲ್ಲಿ ಯಾವುದು ಆದರೂ ಆ ಮೇಜು ಮತ್ತೊಮ್ಮೆ.

ಹಣದಲ್ಲಿ ಅರ್ಧವನ್ನಾದರೂ ಇದರ ನಂತರಕ್ಕೆ ಇಟ್ಟುಕೊಳ್ಳಿ. ಎರಡು ವಾರದೊಳಗೆ ಮೊದಲ ಭೇಟಿ, ಆಮೇಲೆ ಆರು ತಿಂಗಳು ತಿಂಗಳಿಗೊಮ್ಮೆ. ಭೇಟಿಗೆ ಹೋದವರು ಕುರ್ಚಿಯಲ್ಲಿ ಕೂತು ರಿಜಿಸ್ಟರ್ ತಿರುವಿ ಚಹಾ ಕುಡಿದು ಬಂದರೆ ಅದು ತನಿಖೆ. ರೋಗಿ ಒಪ್ಪಿದರೆ ಪಕ್ಕದಲ್ಲಿ ನಿಂತು ಎರಡು ಭೇಟಿ ನೋಡಬೇಕು, ತಪ್ಪನ್ನು ರೋಗಿ ಹೊರಗೆ ಹೋದ ಮೇಲೆ ಹೇಳಬೇಕು. ಐದು ವೈಟ್ ಕಾರ್ಡ್ ತೆಗೆದು ಮೂರು ಸಂಗತಿ ನೋಡಿದರೆ ಸಾಕು: ಟಿಬಿ ಪ್ರಶ್ನೆ ಮತ್ತು ತೂಕ ಹೊಂದುತ್ತವೆಯೇ, ವೈರಲ್ ಲೋಡ್ ತಾರೀಖು ದಾಟಿದೆಯೇ, ಮಾತ್ರೆಗೆ ಬಾರದವರಿಗೆ ಎಷ್ಟು ದಿನದೊಳಗೆ ಫೋನ್ ಹೋಗಿದೆ. ಮುಂದಿನ ಭೇಟಿಯಲ್ಲಿ ಅದೇ ಮೂರು. ಹೊಸದಾಗಿ ಬಂದ ನರ್ಸ್ ಇದ್ದರೆ ಮುಂದಿನ ಬ್ಯಾಚಿನವರೆಗೆ ಕಾಯಿಸದೆ, ತರಬೇತಾದ ಸಹೋದ್ಯೋಗಿಯ ಜೊತೆ ಕೂರಿಸಿ ಅದೇ ಚೆಕ್‌ಲಿಸ್ಟಿನಲ್ಲಿ ಐದು ಪರೀಕ್ಷೆ, ಹತ್ತು ಮಾತ್ರೆ ಎಣಿಕೆ ಮಾಡಿಸಿ.